‘ಹಳೇ ಜನರೇಷನ್’ ಪ್ರೊಸೆಸರಿಗೆ ಬೋರ್ಡಿನ ಮೇಲೆ ಏನು ಬರೆಯಲಿ? (ಸಂಜೆಯೊಳಗೆ ಬೇಕು)

ಎಸ್.ಪಿ. ರಸ್ತೆ, ಬೆಂಗಳೂರಿನಿಂದ:

ಎಲ್ಲರಿಗೂ ನಮಸ್ಕಾರ.

ಎಸ್.ಪಿ. ರಸ್ತೆಯಲ್ಲಿ ನಮ್ಮ ಭಾವನ ಕಂಪ್ಯೂಟರ್ ಬಿಡಿಭಾಗಗಳ ಅಂಗಡಿ ಇದೆ. ಉಳಿದಿರುವ ಪ್ರೊಸೆಸರ್ ಸ್ಟಾಕು ಖಾಲಿ ಮಾಡಬೇಕು, ಅದಕ್ಕೊಂದು ಬೋರ್ಡು ಬರೆಸುತ್ತಿದ್ದೇವೆ. ಕನ್ನಡ ಮೇಲೆ ದೊಡ್ಡದಾಗಿ, ಇಂಗ್ಲಿಷ್ ಕೆಳಗೆ ಸಣ್ಣದಾಗಿ. ಬರೆಯುವವರು ಆರು ಗಂಟೆಗೆ ಬರುತ್ತಾರೆ.

ಮಾರುತ್ತಿರುವುದು ಇಂಟೆಲ್ ಐ5-12400ಎಫ್, ಐ5-13400ಎಫ್, ಎಎಂಡಿ ರೈಜನ್ 5 5600 ಮತ್ತು 5600ಜಿ. ಎಲ್ಲವೂ ಸೀಲ್ ಒಡೆಯದ ಡಬ್ಬಿಗಳು, ಯಾವುದೂ ಬಳಸಿದ್ದಲ್ಲ. ನಾನು ಬರೆದ ಸಾಲು ಇದು: “ಹಳೆಯ ತಲೆಮಾರಿನ ಸಂಸ್ಕಾರಕಗಳ ಮೇಲೆ ಭಾರಿ ರಿಯಾಯಿತಿ.”

ಇದನ್ನು ಒಂದು ಹಾಳೆಯಲ್ಲಿ ಬರೆದು ಗಲ್ಲಾದ ಮುಂದೆ ಅಂಟಿಸಿ ನೋಡಿದೆ. ಅರ್ಧ ಗಂಟೆಯಲ್ಲಿ ಮೂವರು “ಸೆಕೆಂಡ್ ಹ್ಯಾಂಡಾ?” ಅಂತ ಕೇಳಿದರು. ಒಬ್ಬರು ಸಂಸ್ಕಾರಕ ಅಂದರೇನು ಅಂತ ಕೇಳಿ, ಹೇಳುವ ಮೊದಲೇ ಪಕ್ಕದ ಅಂಗಡಿಗೆ ಹೋದರು.

ತಲೆಮಾರು ಸರಿಯೋ, ಪೀಳಿಗೆ ಸರಿಯೋ? ‘ಹಳೆಯ’ ತೆಗೆದರೆ ಆ ಜಾಗಕ್ಕೆ ಏನು? ಎರಡೂ ಕಂಪನಿಗೆ ಒಂದೇ ಪದ ಹೊಂದುತ್ತದೆಯೇ? ದಯವಿಟ್ಟು ಬೇಗ ತಿಳಿಸಿ.

———

ಮೈಸೂರಿನಿಂದ:

ಪೀಳಿಗೆ.

ತಲೆಮಾರು ಮನುಷ್ಯರ ಲೆಕ್ಕ. ‘ಮೂರು ತಲೆಮಾರು ಕೂತು ಉಂಡರೂ ಕರಗದ ಆಸ್ತಿ’ ಎನ್ನುತ್ತೇವೆ. ಯಂತ್ರಕ್ಕೆ ತಲೆಯೂ ಇಲ್ಲ, ಆಸ್ತಿಯೂ ಇಲ್ಲ. ಪೀಳಿಗೆ ಎಂಬುದು ಪೀಠಿಕೆಯ ತದ್ಭವ ಎಂದೇ ನಾನು ತಿಳಿದಿರುವುದು, ಹಿಂದಿಯ ಪೀಢಿ ಅದರ ಒಡಹುಟ್ಟು. ಪೀಠ ಎಂದರೆ ಕೂರುವ ನೆಲೆ. ನಿಮ್ಮ ಪ್ರೊಸೆಸರು ಕೂರುವುದೂ ಸಾಕೆಟ್ ಎಂಬ ಪೀಠದ ಮೇಲೆಯೇ ಅಲ್ಲವೇ? ಪೀಠ ಬದಲಾದಾಗ ಪೀಳಿಗೆ ಬದಲಾಯಿತು. ಇದಕ್ಕಿಂತ ಒಪ್ಪುವ ಪದ ಸಿಗದು.

ಸಂಸ್ಕಾರಕವನ್ನು ಬಿಡಬೇಡಿ. ‘ಆಹಾರ ಸಂಸ್ಕರಣಾ ಘಟಕ’ ಎಂದು ಊರೂರಿನಲ್ಲಿ ಫಲಕಗಳಿವೆ, ಅದನ್ನು ಓದಿ ಯಾರೂ ಓಡಿಹೋಗಿಲ್ಲ. ಗಿರಾಕಿಗೆ ತಿಳಿಯದಿದ್ದರೆ ತಿಳಿಸುವುದು ಫಲಕದ ಕೆಲಸ.

———

ಪುತ್ತೂರಿನಿಂದ:

ಪೀಳಿಗೆ ಬೇಡ. ತಲೆಮಾರು ಇರಲಿ.

ತಲೆಮಾರಿನಲ್ಲಿರುವ ಮಾರು ಹಳಗನ್ನಡದ ಶಕಟರೇಫದ (ಱ ಅಕ್ಷರದ) ಮಾಱು. ಒಂದು ಹೋಗಿ ಅದರ ಜಾಗಕ್ಕೆ ಇನ್ನೊಂದು ಬರುವುದು. ಮಾರ್ಪಡು, ಮಾರ್ನುಡಿ ನೋಡಿ. ತಲೆ ಮಾಱಿತು, ತಲೆಮಾರಾಯಿತು. ಪ್ರೊಸೆಸರಿನಲ್ಲಿ ಆಗುವುದೂ ಅದೇ. ನಮ್ಮದೇ ಪದ ಕೈಯಲ್ಲಿರುವಾಗ ಪೀಠ ಹುಡುಕಿಕೊಂಡು ಹೋಗುವುದೇಕೆ?

ಉಳಿದವನ್ನೂ ಸರಿ ಮಾಡಿ. ಪ್ರೊಸೆಸರಿನೊಳಗೆ ಲೆಕ್ಕ ಮಾಡುವ ಘಟಕವಾದ ಕೋರ್ ಎಂದರೆ ತಿರುಳು, ಅದು ನಡೆಸುವ ಕೆಲಸದ ಸಾಲಾದ ಥ್ರೆಡ್ ಎಂದರೆ ಎಳೆ. ‘ಬಹುತಿರುಳು’ ಎಂದು ಕೆಲವರು ಬರೆಯುತ್ತಾರೆ, ಅದು ಸಂಸ್ಕೃತ, ಕನ್ನಡ ಬೆರೆತ ಅರಿಸಮಾಸ, ನನಗೆ ಒಪ್ಪಿಗೆಯಿಲ್ಲ. ಆರು ಕೋರಿನದಕ್ಕೆ ಅಱುದಿಂಗಳ್ (ಆರು ತಿಂಗಳು) ಮಾದರಿಯಲ್ಲಿ ‘ಅರುದಿರುಳು’ ಆಗಬೇಕು. ರಿಯಾಯಿತಿ ಅರಬ್ಬಿಯಿಂದ ಫಾರಸಿಯ ದಾರಿ ಹಿಡಿದು ಬಂದದ್ದು. ‘ಬೆಲೆಯಿಳಿಕೆ’ ಎನ್ನಿ.

———

ಧಾರವಾಡದಿಂದ:

ಪುತ್ತೂರಿನವರs, ‘ಅರುದಿರುಳು’ ಅಂತ ಬೋರ್ಡಿನ ಮ್ಯಾಲೆ ಬರದ್ರ ಓದಾವ್ರ ಕಣ್ಣಿಗೆ ಮೊದಲ ಕಾಣೂದು ಇರುಳು. ಅಂಗಡಿ ರಾತ್ರಿ ತೆರದಿರತೈತೇನು ಅಂತ ಕೇಳ್ತಾರ. ಸಂಧಿ ಸರಿ ಐತಿ, ಪದ ತಪ್ಪೈತಿ.

ಇನ್ನ ಮಾರು. ನಮ್ಮಜ್ಜ ಬಾವಿ ಆಳಾನ ಮಾರಿನ್ಯಾಗ ಹೇಳ್ತಿದ್ದ: ಎರಡೂ ಕೈ ಚಾಚಿ ಹಗ್ಗ ಹಿಡದು ಒಂದು ಮಾರು, ಎರಡು ಮಾರು ಅಂತ ಎಣಸ್ತಿದ್ದ. ಹೂವು ಕಟ್ಟಾವ್ರು ಈಗೂ ಮೊಳ, ಮಾರು ಅಂತಾರ. ತಲೆಮಾರು ಅಂದ್ರ ಕಾಲಾನ ತಲೀಲೆ ಅಳದದ್ದು ಅಂತ ನನಗ ಕಾಣತೈತಿ. ಶಕಟರೇಫ ತಂದು ಇಲ್ಲಿ ನಿಲ್ಲಿಸೂದು ಯಾಕ?

ರಿಯಾಯಿತಿಗೆ ನಮ್ಮ ಕಡೆ ಸೋಡಿ ಅಂತಾರ. ‘ಶೇಕಡಾ 10 ಸೋಡಿ’ ಅಂದ್ರ ಪುಸ್ತಕದ ಅಂಗಡ್ಯಾಗ ಎಲ್ಲಾರಿಗೂ ತಿಳೀತದ. ಎರಡ ಅಕ್ಷರ, ಬೋರ್ಡಿನ ಮ್ಯಾಲೆ ಜಾಗಾನೂ ಉಳೀತದ.

———

ಶಿವಮೊಗ್ಗದಿಂದ:

ನಾನು ಹದಿನೈದು ವರ್ಷದಿಂದ ಕಂಪ್ಯೂಟರ್ ಜೋಡಿಸಿಕೊಡುತ್ತಿದ್ದೇನೆ. ವ್ಯಾಕರಣ ನಿಮಗೆ ಬಿಟ್ಟದ್ದು, ಆದರೆ ವಸ್ತುವಿನ ವಿಷಯದಲ್ಲಿ ತಪ್ಪು ಹೇಳಿದರೆ ಸುಮ್ಮನಿರಲಾರೆ.

ಮೈಸೂರಿನ ಮೇಷ್ಟ್ರೇ, ಪೀಠ ಬದಲಾದರೆ ಪೀಳಿಗೆ ಬದಲಾಗುತ್ತದೆ ಎಂಬ ಮಾತು ನಿಲ್ಲುವುದಿಲ್ಲ. ಇಂಟೆಲ್‌ನ 12, 13, 14ನೇ ಜನರೇಷನ್ ಮೂರೂ ಕೂರುವುದು ಎಲ್‌ಜಿಎ 1700 ಎಂಬ ಒಂದೇ ಸಾಕೆಟ್ಟಿನಲ್ಲಿ. ಎಎಂಡಿಯ ಎಎಂ4 ಸಾಕೆಟ್ 2017ರ ಮೊದಲ ರೈಜನ್ನಿಂದ 5000 ಸರಣಿಯವರೆಗೂ ಬದಲಾಗಲಿಲ್ಲ. ತಿರುಗುಮುರುಗಾದದ್ದೂ ಇದೆ: ಇಂಟೆಲ್‌ನ 6, 7ನೆಯದಕ್ಕೂ 8, 9ನೆಯದಕ್ಕೂ ಸಾಕೆಟ್ಟಿನ ಹೆಸರು ಎಲ್‌ಜಿಎ 1151 ಒಂದೇ. ಆದರೂ 8ನೆಯದನ್ನು 6ನೆಯದರ ಮದರ್‌ಬೋರ್ಡಿನಲ್ಲಿ ಕೂರಿಸಿದರೆ ಕೆಲಸ ಮಾಡುವುದಿಲ್ಲ. ಪೀಠ ಒಂದೇ, ಮನೆ ಬೇರೆ.

ಇನ್ನು ಎರಡೂ ಕಂಪನಿಗೆ ಒಂದೇ ಪದ ಹೊಂದುತ್ತದೆಯೇ ಎಂದು ಕೇಳಿದ್ದಾರೆ. ಅದಕ್ಕೆ ಯಾರೂ ಉತ್ತರ ಕೊಟ್ಟಿಲ್ಲ. ಹೊಂದುವುದಿಲ್ಲ. ಇಂಟೆಲ್ ತಾನೇ 12ನೇ, 13ನೇ ಜನರೇಷನ್ ಎಂದು ಹೆಸರಿಟ್ಟು ಮಾರಿತು, ಗಿರಾಕಿ ಕೇಳುವುದೂ ಹಾಗೆಯೇ. ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ಕ್ಕೆ ಬೆಂಬಲ ನಿಂತ ಮೇಲಂತೂ “8ನೇ ಜನರೇಷನ್ ಮೇಲಿದೆಯಾ?” ಎಂದು ಕೇಳಿಕೊಂಡೇ ಒಳಗೆ ಬರುತ್ತಾರೆ, ಏಕೆಂದರೆ ವಿಂಡೋಸ್ 11 ಅಧಿಕೃತವಾಗಿ ಒಪ್ಪುವುದು ಅಲ್ಲಿಂದ ಈಚಿನದನ್ನು. ಎಎಂಡಿಯಲ್ಲಿ ಜನ ಹೇಳುವುದು ‘5000 ಸರಣಿ’. ಅಲ್ಲಿ ಸಂಖ್ಯೆ ನೋಡಿ ತಲೆಮಾರು ಹೇಳಲಾಗದು. ರೈಜನ್ 5 3600 ಒಳಗಿರುವುದು ಝೆನ್ 2 ಎಂಬ ವಿನ್ಯಾಸ, ಅದೇ 3000 ಸರಣಿಯ 3400ಜಿ ಒಳಗಿರುವುದು ಅದಕ್ಕಿಂತ ಹಿಂದಿನ ಝೆನ್+. ಇಂಟೆಲ್‌ನಲ್ಲೂ 13400ರ ಕೆಲವು ಚಿಪ್ಪುಗಳನ್ನು 12ನೆಯದರ ಸಿಲಿಕಾನಿನಿಂದಲೇ ಮಾಡಿದ್ದಾರೆ. ಆದ್ದರಿಂದ ಇಂಟೆಲ್‌ಗೆ ತಲೆಮಾರು ಅನ್ನಿ, ಪೀಳಿಗೆ ಅನ್ನಿ, ಎಎಂಡಿಗೆ ಸರಣಿ ಎಂದೇ ಬರೆಯಿರಿ.

ಆ 13400ಎಫ್‌ಗೆ ‘10 ತಿರುಳು’ ಎಂದು ಮಾತ್ರ ಬರೆಯಬೇಡಿ. ಅದರಲ್ಲಿ ದೊಡ್ಡ ಕೋರ್ ಆರೇ, ಸಣ್ಣವು ನಾಲ್ಕು. ಪಕ್ಕದಲ್ಲೇ ಆರು ಕೋರಿನ 5600 ಇಟ್ಟು ‘10’, ‘6’ ಎಂದು ಬರೆದರೆ ಗಿರಾಕಿ ದುಪ್ಪಟ್ಟು ಹತ್ತಿರದ ವೇಗ ಸಿಗುತ್ತದೆಂದು ತಿಳಿಯುತ್ತಾನೆ.

ನಿಮ್ಮ ಬೋರ್ಡಿನಲ್ಲಿ ನಿಜವಾಗಿ ಬೇಕಾದ ಅಕ್ಷರ ‘ಎಫ್’. ಭದ್ರಾವತಿಯ ಒಬ್ಬರು ಮಗಳ ಓದಿಗೆಂದು ಬೆಂಗಳೂರಿನ ಯಾವುದೋ ಅಂಗಡಿಯಿಂದ ಕಡಿಮೆ ಬೆಲೆಗೆ ಸಿಕ್ಕಿತೆಂದು 12400ಎಫ್ ತಂದರು. ಜೋಡಿಸಿ ಸ್ವಿಚ್ ಹಾಕಿದೆವು. ಫ್ಯಾನ್ ತಿರುಗುತ್ತಿದೆ, ಮದರ್‌ಬೋರ್ಡಿನ ಸಣ್ಣ ಬಿಳಿ ದೀಪ ಉರಿಯುತ್ತಿದೆ, ಪರದೆ ಮಾತ್ರ ಕಪ್ಪು. ಎಫ್ ಇದ್ದರೆ ಪರದೆಗೆ ಚಿತ್ರ ಕಳಿಸುವ ಗ್ರಾಫಿಕ್ಸ್ ಒಳಗೆ ಇಲ್ಲ, ಬೇರೆ ಕಾರ್ಡು ಬೇಕು. ಆ ಮನುಷ್ಯ ಡಬ್ಬಿ ತಿರುಗಿಸಿ ಒಂದೊಂದೇ ಅಕ್ಷರ ಬೆರಳಿಟ್ಟು ಓದಿದರು. ಇವರಿಗೆ ಮಾರುವಾಗ ಯಾರೂ ಹೇಳಿರಲಿಲ್ಲ. ಸೀಲ್ ಒಡೆದ ಡಬ್ಬಿಯನ್ನು ಆ ಅಂಗಡಿ ವಾಪಸು ತೆಗೆದುಕೊಳ್ಳಲಿಲ್ಲ. ರೈಜನ್ 5600ಕ್ಕೆ ಎಫ್ ಇಲ್ಲ, ಆದರೂ ಅದರಲ್ಲೂ ಗ್ರಾಫಿಕ್ಸ್ ಇಲ್ಲ. ಇರುವುದು 5600ಜಿಯಲ್ಲಿ. ಈ ಒಂದು ಸಾಲು ಬೋರ್ಡಿನಲ್ಲಿ ಇರಲೇಬೇಕು.

ಇನ್ನೊಂದು. ಮನೆಯಲ್ಲಿ ರೈಜನ್ 2600, ಬಿ450 ಮದರ್‌ಬೋರ್ಡು ಇರುವವರು ಬಯಾಸ್ (ಮದರ್‌ಬೋರ್ಡಿನ ಒಳಗಿನ ತಂತ್ರಾಂಶ) ಅಪ್‌ಡೇಟ್ ಮಾಡಿಕೊಂಡು 5600 ಕೂರಿಸಿದರೆ ಸಾಕು, ಬೋರ್ಡೂ ಬೇಡ, ರ್‍ಯಾಮೂ ಬೇಡ. ಅವರಿಗೆ ನಿಮ್ಮ ಅಂಗಡಿಯಲ್ಲಿ ಅದಕ್ಕಿಂತ ಒಳ್ಳೆಯ ವ್ಯಾಪಾರವಿಲ್ಲ. ಆದರೆ ಎಎಂ4ನಲ್ಲಿ ಪಿನ್ನುಗಳಿರುವುದು ಪ್ರೊಸೆಸರಿನ ಹೊಟ್ಟೆಯ ಕೆಳಗೆ. ಹಳೆಯದನ್ನು ಎತ್ತುವಾಗ ತಂಪು ಮಾಡುವ ಕೂಲರಿಗೂ ಅದಕ್ಕೂ ನಡುವೆ ಹಚ್ಚಿದ ಪೇಸ್ಟು ಒಣಗಿ ಹಿಡಿದುಕೊಂಡು ಕೂಲರ್ ಜೊತೆಗೇ ಕಿತ್ತು ಬರುತ್ತದೆ, ಪಿನ್ನು ಬಾಗುತ್ತದೆ. ಕಡ್ಡಿ ತೆಗೆದ ಮೆಕ್ಯಾನಿಕಲ್ ಪೆನ್ಸಿಲಿನ ತುದಿಗೆ ಒಂದೊಂದೇ ಪಿನ್ನು ಪೋಣಿಸಿ ನೆಟ್ಟಗೆ ಮಾಡಿದ್ದೇನೆ. ಒಂದು ಮುರಿದರೆ ಮುಗಿಯಿತು. ಕೂಲರನ್ನು ಎತ್ತುವ ಮೊದಲು ಹತ್ತು ನಿಮಿಷ ಕಂಪ್ಯೂಟರ್ ಓಡಿಸಿ ಬಿಸಿ ಮಾಡಿ, ಆಮೇಲೆ ಆಫ್ ಮಾಡಿ ಮೆಲ್ಲಗೆ ತಿರುಗಿಸಿ ಎಂದು ಗಿರಾಕಿಗೆ ಬಾಯಲ್ಲಾದರೂ ಹೇಳಿ.

———

ಮೈಸೂರಿನಿಂದ:

ಎಲ್‌ಜಿಎ 1151ರ ವಿಷಯ ನನಗೆ ಗೊತ್ತಿರಲಿಲ್ಲ, ಒಪ್ಪಿದೆ. ಪೀಳಿಗೆಯ ವ್ಯುತ್ಪತ್ತಿ ಅದರಿಂದ ಬೀಳುವುದಿಲ್ಲ.

ಆದರೆ ಒಂದು ಮಾತು ಕೇಳಬೇಕು. ಬೋರ್ಡಿನಲ್ಲಿ ಪ್ರೊಸೆಸರ್, ಜನರೇಷನ್, ಡಿಸ್ಕೌಂಟ್, ಸಾಕೆಟ್ ಎಂದು ಕನ್ನಡ ಅಕ್ಷರದಲ್ಲಿ ಬರೆದರೆ ಅದು ಕನ್ನಡವೇ? 2024ರ ತಿದ್ದುಪಡಿಯಾದ ಮೇಲೆ ನಾಮಫಲಕದಲ್ಲಿ ಶೇ. 60 ಕನ್ನಡ ಇರಬೇಕು, ಅದೂ ಮೇಲ್ಭಾಗದಲ್ಲಿ. ಲಿಪಿ ಬದಲಿಸಿ ಶೇ. 60 ತೋರಿಸಿದರೆ ಕಾನೂನಿಗೆ ಸಾಕಾಗಬಹುದು, ನನಗೆ ಸಾಲದು.

———

ಪುತ್ತೂರಿನಿಂದ:

ಈ ಒಂದು ವಿಷಯದಲ್ಲಿ ಮೈಸೂರಿನವರ ಜೊತೆ ನಾನಿದ್ದೇನೆ. ಲಿಪಿ ಬದಲಾದರೆ ನುಡಿ ಬದಲಾಗದು. ಆದರೆ ಸಂಸ್ಕಾರಕವೂ ಕನ್ನಡ ಲಿಪಿಯಲ್ಲಿರುವ ಸಂಸ್ಕೃತವೇ. ಅವರು ಅದನ್ನೂ ಇದೇ ತಕ್ಕಡಿಯಲ್ಲಿ ತೂಗಲಿ.

ಬಾವಿಯ ಮಾರಿಗೂ ತಲೆಮಾರಿಗೂ ಸಂಬಂಧವಿಲ್ಲ.

———

ಹಾಸನದಿಂದ:

ನಾನು ಯಂತ್ರಗಳ ಕೈಪಿಡಿಗಳನ್ನು ಕನ್ನಡಕ್ಕೆ ಮಾಡುವವಳು. ದಿನವೂ ಇದೇ ಕೆಲಸ, ಆದ್ದರಿಂದ ಹೇಳುತ್ತೇನೆ.

ಇದೇ ಅಂಗಡಿಯ ಗಲ್ಲಾದಲ್ಲಿ ಬಾಕಿ, ಖರ್ಚು, ಜಮೆ, ರಸೀದಿ ಎಂಬ ಪದಗಳು ದಿನವಿಡೀ ಓಡಾಡುತ್ತವೆ. ಎಲ್ಲವೂ ಹೊರಗಿನಿಂದ ಬಂದವು. ನಮ್ಮ ಅಜ್ಜಿ ಬಾಕಿ ಎಂದಾಗ ಅರಬ್ಬಿ ಮಾತಾಡಲಿಲ್ಲ, ಕನ್ನಡವನ್ನೇ ಆಡಿದರು. ಪ್ರೊಸೆಸರಿಗೂ ಆ ಬಾಗಿಲು ಮುಚ್ಚಬೇಡಿ. ಹಾಗೆಂದು ಎಲ್ಲವನ್ನೂ ಒಳಗೆ ಬಿಡಿ ಎಂದೂ ಅಲ್ಲ: ಜನರೇಷನ್ ಬೇಕಿಲ್ಲ, ತಲೆಮಾರು ಅದೇ ಕೆಲಸವನ್ನು ಸಲೀಸಾಗಿ ಮಾಡುತ್ತದೆ. ಫೋನು, ವಿಮಾನ, ಟ್ರ್ಯಾಕ್ಟರಿಗೆಲ್ಲ ಪತ್ರಿಕೆಗಳಲ್ಲಿ ತಲೆಮಾರು, ಪೀಳಿಗೆ ಎರಡೂ ಬರುತ್ತಿವೆ, ಯಾರೂ ತಡವರಿಸುವುದಿಲ್ಲ.

ಜಗಳದಲ್ಲಿ ಕೇಳಿದವರ ಮುಖ್ಯ ಪ್ರಶ್ನೆ ಬಿಟ್ಟುಹೋಗಿದೆ. ತಪ್ಪು ಇರುವುದು ತಲೆಮಾರಿನಲ್ಲಲ್ಲ, ‘ಹಳೆಯ’ದಲ್ಲಿ. ಕನ್ನಡದಲ್ಲಿ ‘ಹಳೆ’ ವಸ್ತುವಿನ ಮೈಗೆ ಅಂಟುವ ಪದ. ಹಳೇ ಬಟ್ಟೆ, ಹಳೇ ಸೈಕಲ್ಲು, ಹಳೇ ಪೇಪರು ಎಂದರೆ ಯಾರದೋ ಕೈಯಲ್ಲಿ ಸವೆದದ್ದು. ಹಳೇ ಅಕ್ಕಿಗೆ ಬೆಲೆ ಹೆಚ್ಚು, ಅಲ್ಲಿಯೂ ಅಕ್ಕಿಯ ಮೈಯೇ ಬದಲಾಗಿರುತ್ತದೆ, ಅನ್ನ ಉದುರುದುರಾಗುತ್ತದೆ. ‘ಹಿಂದಿನ’ ಹಾಗಲ್ಲ, ಅದು ಸಾಲಿನಲ್ಲಿ ಎಲ್ಲಿ ನಿಂತಿದೆ ಎಂದಷ್ಟೇ ಹೇಳುತ್ತದೆ. ಹಿಂದಿನ ಸಂಚಿಕೆ, ಹಿಂದಿನ ಬಸ್ಸು, ಹಿಂದಿನ ಮುದ್ರಣ. ಹಿಂದಿನ ಮುದ್ರಣದ ಪುಸ್ತಕ ಹೊಚ್ಚಹೊಸದಾಗಿರಬಹುದು, ಹಳೇ ಪುಸ್ತಕ ಹಾಗಿರಲಾರದು.

ಇನ್ನೂ ಒಂದು ಸೂಕ್ಷ್ಮವಿದೆ. ‘ಹಳೆಯ ತಲೆಮಾರಿನ ಪ್ರೊಸೆಸರ್’ ಎಂದು ಬರೆದಾಗ ‘ಹಳೆಯ’ ಸೇರಬೇಕಾದದ್ದು ತಲೆಮಾರಿಗೆ, ಆದರೆ ದೂರದಿಂದ ಓದುವವರ ಕಣ್ಣು ಅದನ್ನು ಪ್ರೊಸೆಸರಿಗೆ ಸೇರಿಸುತ್ತದೆ. ‘ಹಿಂದಿನ’ ಎರಡಕ್ಕೆ ಸೇರಿದರೂ ಅಪಾಯವಿಲ್ಲ. ಅದರ ಪಕ್ಕದಲ್ಲಿ ‘ಹೊಸ ಡಬ್ಬಿ’ ಎಂದು ಒತ್ತಿ ಬರೆದುಬಿಡಿ.

ರಿಯಾಯಿತಿ ಇರಲಿ. ನವೆಂಬರಿನಲ್ಲಿ ಪುಸ್ತಕದಂಗಡಿಗಳ ಮುಂದೆ, ಆಷಾಢದಲ್ಲಿ ಸೀರೆ ಅಂಗಡಿಗಳ ಮುಂದೆ ಬೆಂಗಳೂರಿನವರು ನೋಡುವುದು ಅದನ್ನೇ. ಸೋಡಿ ನನಗೆ ಇಷ್ಟ, ಆದರೆ ಎಸ್.ಪಿ. ರಸ್ತೆಯಲ್ಲಿ ಅದನ್ನು ಮತ್ತೆ ವಿವರಿಸಬೇಕಾಗುತ್ತದೆ.

———

ಧಾರವಾಡದಿಂದ:

ವಿವರಿಸಿದ್ರ ಏನಾತು? ಬೆಂಗಳೂರಿನವ್ರು ಒಂದು ಪದ ನಮ್ಮ ಕಡೀದು ಕಲೀಲಿ. ನಾವು ಅವರ ಪದ ಎಷ್ಟು ಕಲತಿಲ್ಲ.

———

ಎಸ್.ಪಿ. ರಸ್ತೆಯಿಂದ:

ಎಲ್ಲರಿಗೂ ಮನಸಾರೆ ವಂದನೆ. ಬೋರ್ಡು ಬರೆಯುವವರು ಈಗಷ್ಟೇ ಸೀಮೆಸುಣ್ಣದಲ್ಲಿ ಗೆರೆ ಹಾಕಿಕೊಂಡು ಶುರು ಮಾಡಿದ್ದಾರೆ. ಕೊಟ್ಟಿರುವ ಸಾಲುಗಳು ಇವು:

ಹಿಂದಿನ ತಲೆಮಾರಿನ ಪ್ರೊಸೆಸರ್, ಹೊಸ ಡಬ್ಬಿ, ರಿಯಾಯಿತಿ ಬೆಲೆ
ಇಂಟೆಲ್ 12, 13ನೇ ತಲೆಮಾರು: ಎಲ್‌ಜಿಎ 1700 ಬೋರ್ಡಿಗೆ
ಎಎಂಡಿ ರೈಜನ್ 5000 ಸರಣಿ: ಎಎಂ4 ಬೋರ್ಡಿಗೆ
12400ಎಫ್, 13400ಎಫ್, 5600: ಗ್ರಾಫಿಕ್ಸ್ ಕಾರ್ಡ್ ಇಲ್ಲದೆ ಪರದೆ ಬೆಳಗದು
ಬರುವಾಗ ನಿಮ್ಮ ಮದರ್‌ಬೋರ್ಡಿನ ಫೋಟೊ ತನ್ನಿ

ನಾಲ್ಕನೇ ಸಾಲನ್ನು ಕೆಂಪಿನಲ್ಲಿ ಬರೆಯಲು ಹೇಳಿದೆ. ಇದನ್ನು ಓದಿ ಕೊಳ್ಳುವವರು ಹೆದರಿ ಹೋಗುತ್ತಾರೆ ಅಂತ ಭಾವ ಮೊದಲು ಬೇಡವೆಂದರು. ಭದ್ರಾವತಿಯವರ ವಿಷಯ ಓದಿ ಹೇಳಿದ ಮೇಲೆ ಸುಮ್ಮನಾದರು. ಕೋರು, ತಿರುಳಿನ ಲೆಕ್ಕ ಹಾಕಿಲ್ಲ, ಕೇಳಿದವರಿಗೆ ಬಾಯಲ್ಲೇ ಹೇಳುತ್ತೇವೆ.

ಅಂಗಡಿಯ ಹುಡುಗ ಯಾದಗಿರಿಯವನು. ಸೋಡಿ ಅಂದರೆ ಏನೆಂದು ಅವನನ್ನು ಕೇಳಿದೆ. ಗೊತ್ತಿತ್ತು.

———

ಪುತ್ತೂರಿನಿಂದ:

‘ಬೆಳಗದು’ ಚೆನ್ನಾಗಿದೆ. ಮೂರನೇ ಸಾಲಿನ ಸರಣಿಗೆ ‘ಸಾಲು’ ಎಂದಿದ್ದರೆ ಸಾಕಿತ್ತು.

———

ಶಿವಮೊಗ್ಗದಿಂದ:

ಐದನೇ ಸಾಲಿನಲ್ಲಿ ‘ಫೋಟೊ’ ಬದಲು ‘ಮಾದರಿ ಸಂಖ್ಯೆ’ ಎಂದು ಬರೆಸಿ. ಫೋಟೊ ತಂದವರು ಕೂಲರಿನದನ್ನೇ ತೆಗೆದುಕೊಂಡು ಬರುತ್ತಾರೆ. ಬಣ್ಣ ಒಣಗುವ ಮೊದಲು ಹೇಳಿಬಿಡಿ.