ಪೀಣ್ಯದ ಕ್ವಾಲಿಟಿ ಇನ್‌ಸ್ಪೆಕ್ಟರ್‌ಗೆ ಲಿಂಕ್ಡ್‌ಇನ್‌ನಿಂದ ಏನಾದರೂ ಉಪಯೋಗ ಇದೆಯಾ?

ಗೇಜ್ ಹುಡುಗ

ಎಲ್ಲರಿಗೂ ನಮಸ್ಕಾರ. ಡಿಪ್ಲೊಮಾ ಮೆಕ್ಯಾನಿಕಲ್ ಮುಗಿಸಿ ಪೀಣ್ಯ ಎರಡನೇ ಹಂತದ ಒಂದು ಮಶೀನಿಂಗ್ ಕಂಪನಿಯಲ್ಲಿ ಆರು ವರ್ಷದಿಂದ ಕ್ವಾಲಿಟಿಯಲ್ಲಿ ಇದ್ದೇನೆ. ಸೇರಿದಾಗ ವರ್ನಿಯರ್, ಮೈಕ್ರೋಮೀಟರ್ ಹಿಡಿದುಕೊಂಡು ಇನ್‌ಕಮಿಂಗ್ ಚೆಕ್ ಮಾಡುವುದಷ್ಟೇ ಕೆಲಸ. ಈಗ ಸಿಎಂಎಂ (ಪಾರ್ಟ್‌ನ ಅಳತೆ ನಿಖರವಾಗಿ ತೆಗೆಯುವ ಮಶೀನ್) ಪ್ರೋಗ್ರಾಂ ನಾನೇ ಬರೆಯುತ್ತೇನೆ, ಪಿಪಿಎಪಿ ಫೈಲ್ (ಪಾರ್ಟ್‌ಗೆ ಕಸ್ಟಮರ್ ಒಪ್ಪಿಗೆ ಪಡೆಯಲು ಕೊಡುವ ದಾಖಲೆ) ನಾನೇ ರೆಡಿ ಮಾಡುತ್ತೇನೆ, ಕಸ್ಟಮರ್ ಆಡಿಟ್‌ಗೆ ಬಂದರೆ ಉತ್ತರ ಕೊಡುವವನೂ ನಾನೇ. ಸಂಬಳದ ಮಾತು ಎತ್ತಿದರೆ ಮಾತ್ರ "ಆರ್ಡರ್ ಡಲ್ ಇದೆ, ಮುಂದಿನ ವರ್ಷ ನೋಡೋಣ" ಎನ್ನುತ್ತಾರೆ.

ದೇವನಹಳ್ಳಿ ಕಡೆಯ ಏರೋಸ್ಪೇಸ್ ಕಂಪನಿಗಳಲ್ಲಿ ಕ್ವಾಲಿಟಿ ಎಂಜಿನಿಯರ್ ಆಗಬೇಕು ಅಂತ ಆಸೆ. ನನ್ನ ರೂಮ್‌ಮೇಟ್ ಸಾಫ್ಟ್‌ವೇರ್‌ನವನು. ಅವನಿಗೆ ಲಿಂಕ್ಡ್‌ಇನ್‌ನಲ್ಲಿ ರಿಕ್ರೂಟರ್‌ಗಳೇ ಹುಡುಕಿಕೊಂಡು ಬರುತ್ತಾರೆ, ಕೂತಲ್ಲೇ ಕೆಲಸ ಬದಲಾಯಿಸಿದ. ಅವನ ಮಾತು ಕೇಳಿ ನಾನೂ ಪ್ರೊಫೈಲ್ ಮಾಡಿದೆ. ವರ್ಷ ಆಗುತ್ತಾ ಬಂತು, ಒಂದು ನರಪಿಳ್ಳೆಯೂ ಕೇಳಿಲ್ಲ. ಈಸಿ ಅಪ್ಲೈ ಒತ್ತಿ ಒತ್ತಿ ಸಾಕಾಯಿತು. ಬರುವುದೆಲ್ಲ ಇನ್ಶೂರೆನ್ಸ್ ಏಜೆಂಟರ ರಿಕ್ವೆಸ್ಟು.

ನಮ್ಮಂಥ ಫ್ಯಾಕ್ಟರಿ ಜನಕ್ಕೆ ಇದು ಆಗಿಬರುತ್ತದಾ, ಇಲ್ಲ ಬರೀ ಐಟಿಯವರ ಆಟವಾ? ಪ್ರೀಮಿಯಂಗೆ ದುಡ್ಡು ಹಾಕಬೇಕಾ? ನಮ್ಮ ಮ್ಯಾನೇಜರ್ ಕೂಡ ಅಲ್ಲೇ ಇದ್ದಾರೆ, ನಾನು ಬೇರೆ ಕಡೆ ನೋಡುತ್ತಿರುವುದು ಅವರಿಗೆ ಗೊತ್ತಾದರೆ ಕಷ್ಟ. ಸದ್ಯ ಹೆಡ್‌ಲೈನ್‌ನಲ್ಲಿ "ಕ್ವಾಲಿಟಿ ಇನ್‌ಸ್ಪೆಕ್ಟರ್, ಸೀಕಿಂಗ್ ಚಾಲೆಂಜಿಂಗ್ ಆಪರ್ಚುನಿಟಿ" ಅಂತ ಹಾಕಿದ್ದೇನೆ.

ಬೊಮ್ಮಸಂದ್ರ ಅಕ್ಕ

ನಾನು ಫ್ಯಾಕ್ಟರಿಗಳಿಗೆ ಜನ ಹುಡುಕಿಕೊಡುವ ಕೆಲಸದಲ್ಲೇ ಇರುವವಳು, ಹಾಗಾಗಿ ಆ ಕಡೆಯಿಂದ ಹೇಗೆ ಕಾಣುತ್ತದೆ ಅಂತ ಹೇಳುತ್ತೇನೆ.

ಪ್ಲಾಂಟ್‌ನಿಂದ ನನಗೆ ಒಂದು ಮೇಲ್ ಬರುತ್ತದೆ. ಸಿಎಂಎಂ ಗೊತ್ತಿರಬೇಕು, ಎಎಸ್ 9100 (ಏರೋಸ್ಪೇಸ್ ಕ್ವಾಲಿಟಿಯ ಸರ್ಟಿಫಿಕೇಟ್) ಇರುವ ಕಡೆ ಕೆಲಸ ಮಾಡಿದ್ದರೆ ಒಳ್ಳೆಯದು, 4ರಿಂದ 8 ವರ್ಷ ಅನುಭವ, ಬೆಂಗಳೂರು. ಅಷ್ಟೇ. ಅದೇ ಪದಗಳನ್ನು ಸರ್ಚ್‌ಗೆ ಹಾಕುತ್ತೇನೆ, ಬಂದ ಲಿಸ್ಟಿನ ಮೊದಲ ಎರಡು ಮೂರು ಪುಟ ನೋಡುತ್ತೇನೆ. "ಚಾಲೆಂಜಿಂಗ್ ಆಪರ್ಚುನಿಟಿ" ಅಂತ ಈ ಜನ್ಮದಲ್ಲಿ ಯಾರೂ ಸರ್ಚ್ ಮಾಡುವುದಿಲ್ಲಪ್ಪ. ಹೆಡ್‌ಲೈನ್‌ಗೆ 220 ಅಕ್ಷರ ಜಾಗ ಕೊಟ್ಟಿದ್ದಾರೆ, ಅದನ್ನು ನಿನ್ನ ಕೆಲಸದ ಪದಗಳಿಗೆ ಬಳಸು: ಕ್ವಾಲಿಟಿ ಇನ್‌ಸ್ಪೆಕ್ಟರ್, ಸಿಎಂಎಂ ಪ್ರೋಗ್ರಾಮಿಂಗ್, ಪಿಪಿಎಪಿ, ಜಿಡಿ ಅಂಡ್ ಟಿ (ಡ್ರಾಯಿಂಗ್‌ನಲ್ಲಿ ಆಕಾರ, ಅಳತೆಯ ಮಿತಿ ತೋರಿಸುವ ಪದ್ಧತಿ), ಪ್ರಿಸಿಷನ್ ಮಶೀನಿಂಗ್. ಸಿಎಂಎಂ ಅಂತ ಹಾಕಿ ಬಿಡಬೇಡ, ಯಾವ ಸಾಫ್ಟ್‌ವೇರ್ ಅಂತಲೂ ಬರೆ. ಪಿಸಿ-ಡಿಎಂಐಎಸ್ ಗೊತ್ತಿರುವವನೇ ಬೇಕು, ಕ್ಯಾಲಿಪ್ಸೊ ಗೊತ್ತಿರುವವನೇ ಬೇಕು ಅಂತ ಹಟ ಹಿಡಿಯುವ ಪ್ಲಾಂಟ್‌ಗಳಿವೆ. ಆದರೆ ಡೆಸಿಗ್ನೇಶನ್ ಇನ್‌ಸ್ಪೆಕ್ಟರ್ ಇದ್ದರೆ ಇನ್‌ಸ್ಪೆಕ್ಟರ್ ಅಂತಲೇ ಇರಲಿ. ಎಂಜಿನಿಯರ್ ಅಂತ ಏರಿಸಿಕೊಂಡರೆ ಬ್ಯಾಕ್‌ಗ್ರೌಂಡ್ ಚೆಕ್‌ನಲ್ಲಿ ಆಫರ್ ಕೈಗೆ ಬಂದಮೇಲೆ ಸಿಕ್ಕಿಬೀಳುತ್ತೀಯ, ಅದಕ್ಕಿಂತ ಕೆಟ್ಟದ್ದಿಲ್ಲ.

ಎಕ್ಸ್‌ಪೀರಿಯೆನ್ಸ್ ಕೆಳಗೆ ಎಲ್ಲರೂ "ರೆಸ್ಪಾನ್ಸಿಬಲ್ ಫಾರ್ ಕ್ವಾಲಿಟಿ" ಅಂತ ಬರೆಯುತ್ತಾರೆ. ಅದರಿಂದ ನನಗೆ ಏನೂ ಗೊತ್ತಾಗುವುದಿಲ್ಲ. ಯಾವ ಥರದ ಪಾರ್ಟ್, ಅಲ್ಯೂಮಿನಿಯಮ್ಮೋ ಸ್ಟೀಲೋ, ಟಾಲರೆನ್ಸ್ (ಅಳತೆ ಎಷ್ಟು ಹೆಚ್ಚುಕಡಿಮೆ ಆಗಬಹುದು) ಎಷ್ಟು ಮೈಕ್ರಾನ್, ಆಡಿಟ್‌ನಲ್ಲಿ ನಿನ್ನ ಪಾತ್ರ ಏನು, ರಿಜೆಕ್ಷನ್ ಇಳಿಸಿದ್ದರೆ ಎಷ್ಟರಿಂದ ಎಷ್ಟಕ್ಕೆ. ಇಂಥವು ನಾಲ್ಕು ಸಾಲು ಸಾಕು. ಇಂಗ್ಲಿಷ್ ಸರಳವಾಗಿದ್ದರೆ ಏನೂ ತೊಂದರೆ ಇಲ್ಲ. ಎಐ ಕೈಲಿ ಬರೆಸಿದ "ಪ್ಯಾಶನೇಟ್ ಅಂಡ್ ಡೈನಮಿಕ್ ಪ್ರೊಫೆಶನಲ್" ಓದಿ ಓದಿ ನಮಗೂ ಸಾಕಾಗಿದೆ.

ಇನ್ನೊಂದು ಮಾತು, ಲಿಂಕ್ಡ್‌ಇನ್‌ನವರಿಗೆ ಬೇಜಾರಾಗಬಹುದು. ಫ್ಯಾಕ್ಟರಿ ಹುದ್ದೆ ಬಂದರೆ ನಾನು ಮೊದಲು ತೆರೆಯುವುದು ನೌಕ್ರಿ. 1997ರಿಂದ ಇರುವ ಸೈಟು, ಡಿಪ್ಲೊಮಾದವರ ರೆಸ್ಯೂಮೆ ಅಲ್ಲೇ ಜಾಸ್ತಿ. ನೋಟೀಸ್ ಪೀರಿಯಡ್ ಎಷ್ಟು, ಕೊನೆಯ ಸಲ ಯಾವಾಗ ಲಾಗಿನ್ ಆಗಿದ್ದ, ಎಲ್ಲ ಅಲ್ಲಿ ಕಾಣುತ್ತದೆ. ವರ್ಷದಿಂದ ಮುಟ್ಟದ ಪ್ರೊಫೈಲ್‌ಗೆ ಯಾರೂ ಫೋನ್ ಮಾಡುವುದಿಲ್ಲ. ಅಲ್ಲಿ ಹೆಸರು ಸಿಕ್ಕಮೇಲೆ ಲಿಂಕ್ಡ್‌ಇನ್‌ಗೆ ಬಂದು ಮನುಷ್ಯ ನಿಜವಾಗಿಯೂ ಇದ್ದಾನಾ, ಹೇಳಿದ್ದಕ್ಕೂ ಇಲ್ಲಿರುವುದಕ್ಕೂ ತಾಳೆ ಆಗುತ್ತದಾ ಅಂತ ನೋಡುತ್ತೇನೆ. ಎರಡೂ ಕಡೆ ತಾರೀಖು ಒಂದೇ ಇರಲಿ.

ಪ್ರೀಮಿಯಂ ಸದ್ಯಕ್ಕೆ ಬೇಡ. ಮೊದಲ ತಿಂಗಳು ಸಾಮಾನ್ಯವಾಗಿ ಫ್ರೀ ಕೊಡುತ್ತಾರೆ, ಇಂಟರ್‌ವ್ಯೂ ಶುರುವಾದ ಮೇಲೆ ಬೇಕಾದರೆ ತಗೊಂಡು, ತಿಂಗಳು ಮುಗಿಯುವ ಮೊದಲೇ ಕ್ಯಾನ್ಸಲ್ ಮಾಡು.

ಶಾಪ್‌ಫ್ಲೋರ್ ರಾಯರು

ಅಕ್ಕ ಹೇಳಿದ್ದು ಸರಿ ಇರಬಹುದು, ಆದರೆ ನಾನು ಪೀಣ್ಯದಲ್ಲಿ ಕೂದಲು ಬೆಳ್ಳಗೆ ಮಾಡಿಕೊಂಡವನು, ಸೈಟಿನಿಂದ ಒಬ್ಬನನ್ನೂ ತಗೊಂಡಿಲ್ಲ. ಎಚ್‌ಎಂಟಿ, ಬಿಇಎಲ್, ಎಚ್‌ಎಎಲ್ ಬಿಟ್ಟು ಬಂದವರು ಶೆಡ್ ಹಾಕಿಕೊಂಡು ಎಷ್ಟೋ ಕಂಪನಿ ಶುರುಮಾಡಿದ ಜಾಗ ಇದು. ಇಲ್ಲಿ ಜನ ಸಿಗುವುದು ಬಾಯಿಂದ ಬಾಯಿಗೆ.

ನನಗೆ ಸಿಎಂಎಂ ಹುಡುಗ ಬೇಕಾದರೆ ಏನು ಮಾಡುತ್ತೇನೆ ಗೊತ್ತಾ? ಕ್ಯಾಲಿಬ್ರೇಶನ್‌ಗೆ, ಅಂದರೆ ಅಳತೆಯ ಸಾಧನ ಸರಿ ಇದೆಯಾ ಅಂತ ಪರೀಕ್ಷಿಸಲು, ಬರುವವನಿಗೆ ಫೋನ್ ಮಾಡುತ್ತೇನೆ. ಅವನು ವರ್ಷಕ್ಕೊಂದು ಸಲ ಎಲ್ಲ ಕಂಪನಿಯ ಗೇಜ್ ರೂಮಿಗೂ ಹೋಗಿರುತ್ತಾನೆ, ಎಲ್ಲಿ ಯಾರು ನೆಟ್ಟಗೆ ಕೆಲಸ ಮಾಡುತ್ತಾರೆ, ಯಾರ ರಿಜಿಸ್ಟರ್ ಕ್ಲೀನ್ ಆಗಿದೆ, ಯಾರ ಸ್ಲಿಪ್ ಗೇಜ್ ತುಕ್ಕು ಹಿಡಿದಿದೆ ಅಂತ ಅವನಿಗೆ ಗೊತ್ತು. ಹಾಗೆಯೇ ಟೂಲ್ ಮಾರುವವನು, ಸಿಎಂಎಂ ಸರ್ವಿಸ್ ಎಂಜಿನಿಯರ್, ಸರ್ಟಿಫಿಕೇಶನ್ ಆಡಿಟರ್. ಎಲ್ಲಕ್ಕಿಂತ ಮುಖ್ಯ ನಿಮ್ಮ ಕಸ್ಟಮರ್ ಕಡೆಯ ಸಪ್ಲೈಯರ್ ಕ್ವಾಲಿಟಿ ಎಂಜಿನಿಯರ್. ನೀನು ಉತ್ತರ ಕೊಡುವುದನ್ನು ಅವನು ಕಣ್ಣಾರೆ ನೋಡಿದ್ದಾನೆ. ಆ ಪರಿಚಯ ಬಿಟ್ಟು ಗುರುತಿಲ್ಲದ ಐನೂರು ಜನಕ್ಕೆ ರಿಕ್ವೆಸ್ಟ್ ಕಳಿಸಿ ಏನು ಪ್ರಯೋಜನ?

ಸರಾಸರಿ ಮಂಜ

ರಾಯರೇ, ನಿಮ್ಮ ಮಾತಿಗೆ ಲಿಂಕ್ಡ್‌ಇನ್‌ನದೇ ಡೇಟಾದಲ್ಲಿ ಸಾಕ್ಷಿ ಇದೆ, ಅದೇ ತಮಾಷೆ.

1973ರಲ್ಲಿ ಮಾರ್ಕ್ ಗ್ರಾನೊವೆಟರ್ ಎಂಬ ಅಮೆರಿಕದ ಸಮಾಜಶಾಸ್ತ್ರಜ್ಞ ಒಂದು ವಾದ ಮುಂದಿಟ್ಟರು. ದಿನಾ ಜೊತೆಗಿರುವ ಗೆಳೆಯರಿಗಿಂತ ಅಷ್ಟಕ್ಕಷ್ಟೇ ಪರಿಚಯ ಇರುವವರಿಂದಲೇ ಹೊಸ ಸುದ್ದಿ ಬರುತ್ತದೆ ಅಂತ. ಕಾರಣ ಸುಲಭ. ನಿನ್ನ ರೂಮಿನವನಿಗೆ, ಪಕ್ಕದ ಮಶೀನಿನವನಿಗೆ ಗೊತ್ತಿರುವುದು ನಿನಗೂ ಗೊತ್ತಿರುತ್ತದೆ. ಬೇರೆ ಕಡೆ ಓಡಾಡುವವನ ಹತ್ತಿರ ಮಾತ್ರ ಬೇರೆ ಸುದ್ದಿ ಇರುತ್ತದೆ. ರಾಯರ ಕ್ಯಾಲಿಬ್ರೇಶನ್‌ನವನು ಇದೇ ಲೆಕ್ಕಕ್ಕೆ ಬರುತ್ತಾನೆ ಅಲ್ವಾ?

2022ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಇದರ ದೊಡ್ಡ ಪರೀಕ್ಷೆ ಬಂತು. "ಪೀಪಲ್ ಯು ಮೇ ನೋ" ಅಂತ ಹೆಸರು ತೋರಿಸುತ್ತದಲ್ಲ, ಅದರಲ್ಲಿ ಯಾರಿಗೆ ಯಾರನ್ನು ತೋರಿಸಬೇಕು ಅನ್ನುವುದನ್ನು ಲಿಂಕ್ಡ್‌ಇನ್ ಐದು ವರ್ಷ ಬದಲಾಯಿಸಿ ಬದಲಾಯಿಸಿ ನೋಡಿತ್ತು. ಸುಮಾರು 2 ಕೋಟಿ ಜನರ ಮೇಲೆ. (ಅವರಿಗೆ ತಿಳಿಸದೇ ಮಾಡಿದ್ದರು ಅಂತ ಆಮೇಲೆ ಟೀಕೆಯೂ ಬಂತು, ಅದು ಬೇರೆ ವಿಷಯ.) ಗೊತ್ತಾಗಿದ್ದು ಎರಡು. ತೀರಾ ಹತ್ತಿರದವರಿಂದಲೂ ಅಲ್ಲ, ಮುಖಪರಿಚಯವೇ ಇಲ್ಲದವರಿಂದಲೂ ಅಲ್ಲ, ನಡುವೆ ಇರುವವರಿಂದ, ಅಂದರೆ ಇಬ್ಬರಿಗೂ ಒಂದಷ್ಟು ಜನ ಸಾಮಾನ್ಯ ಪರಿಚಯ ಇರುವಂಥವರಿಂದ, ಕೆಲಸ ಬದಲಾಯಿಸಲು ಜಾಸ್ತಿ ಅನುಕೂಲ. ಎರಡನೆಯದು ನಿನಗೆ ಬೇಕಾದದ್ದು. ದೂರದ ಪರಿಚಯ ಹೆಚ್ಚು ಕೆಲಸಕ್ಕೆ ಬಂದಿದ್ದು ಸಾಫ್ಟ್‌ವೇರ್‌ನಂಥ ಡಿಜಿಟಲ್ ಉದ್ಯಮಗಳಲ್ಲಿ. ಅಷ್ಟು ಡಿಜಿಟಲ್ ಅಲ್ಲದ ಉದ್ಯಮಗಳಲ್ಲಿ ಗಟ್ಟಿ ಪರಿಚಯವೇ ಮೇಲು.

ಹಾಗಾಗಿ ನಿನ್ನ ರೂಮ್‌ಮೇಟ್ ಮಾಡಿದ್ದನ್ನೇ ನೀನು ಮಾಡಿದರೆ ಅದೇ ಫಲ ಸಿಗುವುದಿಲ್ಲ. ಅವನ ದಾರಿ ಬೇರೆ, ನಿನ್ನದು ಬೇರೆ. ಈ ಆರು ವರ್ಷದಲ್ಲಿ ನಿಮ್ಮ ಕಂಪನಿ ಬಿಟ್ಟು ಹೋದವರೆಲ್ಲ ಈಗ ಎಲ್ಲಿದ್ದಾರೆ, ಅದನ್ನು ಮೊದಲು ಹುಡುಕು. ಕಾಲೇಜಿನ ಪೇಜ್‌ನಲ್ಲಿ ಅಲುಮ್ನೈ ಅಂತ ಇರುತ್ತದೆ, ಅಲ್ಲಿ ಕಂಪನಿಯ ಹೆಸರು ಹಾಕಿ ನೋಡಬಹುದು. ಫೋನ್ ನಂಬರ್ ಕಳೆದುಹೋದವರನ್ನು ಪತ್ತೆ ಮಾಡಲು ಅದಕ್ಕಿಂತ ಒಳ್ಳೆಯ ಜಾಗ ಇಲ್ಲ.

ಗೇಜ್ ಹುಡುಗ

ಎಲ್ಲರಿಗೂ ಥ್ಯಾಂಕ್ಸ್. ಈಗಷ್ಟೇ ನೋಡಿದೆ, ನಮ್ಮಲ್ಲಿ ಮೊದಲು ಶಿಫ್ಟ್ ಇನ್‌ಚಾರ್ಜ್ ಆಗಿದ್ದವರು ದೇವನಹಳ್ಳಿಯಲ್ಲೇ ಇದ್ದಾರೆ! ನನಗೆ ಗೊತ್ತೇ ಇರಲಿಲ್ಲ. ಆದರೆ ಇಷ್ಟು ವರ್ಷ ಮಾತಾಡಿಲ್ಲ, ಈಗ ಕೆಲಸ ಬೇಕಾದಾಗ ನೆನಪಾಯಿತಾ ಅಂದುಕೊಳ್ಳುವುದಿಲ್ಲವಾ? ಮೆಸೇಜ್ ಹೇಗೆ ಹಾಕುವುದು? ಆಮೇಲೆ, ಪೋಸ್ಟ್ ಹಾಕುತ್ತಾ ಇರಬೇಕು ಅಂತ ರೂಮ್‌ಮೇಟ್ ಹೇಳುತ್ತಾನೆ. ನಾನು ಏನು ಪೋಸ್ಟ್ ಹಾಕಲಿ?

ಹೊಸೂರು ಎಸ್‌ಕ್ಯೂಇ

ರಾಯರು ಹೇಳಿದ ಸಪ್ಲೈಯರ್ ಕ್ವಾಲಿಟಿ ಜಾತಿಯವನೇ ನಾನು, ಹಾಗಾಗಿ ಇದಕ್ಕೆ ಉತ್ತರ ಕೊಡಬಲ್ಲೆ.

ನನಗೆ ಬರುವ ಮೆಸೇಜ್‌ಗಳಲ್ಲಿ ಮುಕ್ಕಾಲು ಪಾಲು "ಹಾಯ್ ಸರ್". ಅಷ್ಟೇ. ನಾನು ಹಾಯ್ ಅಂದಮೇಲೆ ಒಂದು ರೆಸ್ಯೂಮೆ ಬಂದು ಬೀಳುತ್ತದೆ, "ಎನಿ ವೇಕೆನ್ಸಿ ಸರ್". ಯಾವ ಕೆಲಸ, ಯಾವ ಊರು, ನಾನು ಏನು ಮಾಡಬೇಕು, ಒಂದೂ ಗೊತ್ತಾಗುವುದಿಲ್ಲ. ಈಚೆಗೆ ಒಬ್ಬ ಹುಡುಗ ಹೀಗೆ ಬರೆದಿದ್ದ: "ಸರ್, ಎರಡು ವರ್ಷದ ಹಿಂದೆ ನೀವು ಬ್ರಾಕೆಟ್ ಪಾರ್ಟ್‌ನ ಆಡಿಟ್‌ಗೆ ಬಂದಾಗ ಗೇಜ್ ಆರ್ ಅಂಡ್ ಆರ್ ರಿಪೋರ್ಟ್ ತೋರಿಸಿದವನು ನಾನೇ. ನಿಮ್ಮ ಕಂಪನಿಯ ಸೈಟ್‌ನಲ್ಲಿ ಇನ್‌ಕಮಿಂಗ್ ಕ್ವಾಲಿಟಿ ಹುದ್ದೆ ಇದೆ, ಜಾಬ್ ಐಡಿ ಕೆಳಗೆ ಇದೆ. ಆ ಟೀಮ್‌ಗೆ ಸಿಎಂಎಂ ಅನುಭವ ಬೇಕಾ ಅಥವಾ ಡಾಕ್ಯುಮೆಂಟೇಶನ್ ಜಾಸ್ತಿನಾ ಅಂತ ತಿಳಿಸಿದರೆ ಸಾಕು." ನೋಡಿ, ಅವನು ಕೆಲಸ ಕೊಡಿಸಿ ಅಂತ ಕೇಳಲೇ ಇಲ್ಲ. ಯಾರು ಅಂತ ನೆನಪಿಸಿದ, ಒಂದು ಪ್ರಶ್ನೆ ಕೇಳಿದ, ಅದಕ್ಕೆ ಉತ್ತರ ಕೊಡಲು ನನಗೆ ಒಂದು ನಿಮಿಷ ಸಾಕಾಗಿತ್ತು. ಸಂಜೆ ನಾನೇ ಫೋನ್ ಮಾಡಿ ರೆಫರಲ್ ಹಾಕಿದೆ. ನಮ್ಮಲ್ಲಿ ರೆಫರ್ ಮಾಡಿದವನು ಸೇರಿದರೆ ನನಗೂ ನಾಲ್ಕು ಕಾಸು ಸಿಗುತ್ತದೆ, ಆದ್ದರಿಂದ ಕೇಳಲು ಅಷ್ಟೊಂದು ಸಂಕೋಚ ಬೇಡ.

ಹಳೇ ಶಿಫ್ಟ್ ಇನ್‌ಚಾರ್ಜ್‌ಗಂತೂ ಇಂಗ್ಲಿಷಿನಲ್ಲಿ ಬರೆಯಲೇಬೇಡ. "ಸಾರ್ ಚೆನ್ನಾಗಿದ್ದೀರಾ, ನೀವು ಅಲ್ಲಿರುವುದು ಇವತ್ತು ಗೊತ್ತಾಯಿತು, ಭಾನುವಾರ ಹತ್ತು ನಿಮಿಷ ಫೋನ್ ಮಾಡಬಹುದಾ" ಅಂತ ಕನ್ನಡದಲ್ಲೇ ಹಾಕು. ಒಂದು ಕೆಲಸ ಬಿಟ್ಟು ಇನ್ನೊಂದು ಸೇರಿದವನಿಗೆ ಇದೇನೂ ಹೊಸದಲ್ಲ, ಅವರೂ ಹೀಗೇ ಯಾರನ್ನೋ ಕೇಳಿಯೇ ಹೋಗಿರುತ್ತಾರೆ. ಫ್ರೀ ಅಕೌಂಟ್‌ನಲ್ಲಿ ರಿಕ್ವೆಸ್ಟ್ ಜೊತೆ ನೋಟ್ ಬರೆಯಲು ತಿಂಗಳಿಗೆ ಕೆಲವೇ ಅವಕಾಶ, ಅದನ್ನು ಇಂಥವರಿಗೆ ಉಳಿಸಿಕೊ.

ಪೋಸ್ಟ್ ವಿಷಯ. "ನನ್ನ ಬಾಸ್ ನನಗೆ ಕಲಿಸಿದ ಐದು ಪಾಠ" ಥರದ್ದು ದಯವಿಟ್ಟು ಬೇಡ. ಪೋಸ್ಟ್ ಹಾಕಲೇಬೇಕು ಅಂತ ಏನೂ ಇಲ್ಲ. ಹಾಕುವುದಾದರೆ ನಿನ್ನ ಕೆಲಸದ ಒಂದು ಸಣ್ಣ ಗಂಟು ಬಿಡಿಸಿ ತೋರಿಸು. ಉದಾಹರಣೆಗೆ, ಬೆಳಗ್ಗೆ ಅಳೆದಾಗ ಓಕೆ ಆದ ಅಲ್ಯೂಮಿನಿಯಂ ಪಾರ್ಟ್ ಮಧ್ಯಾಹ್ನ ಯಾಕೆ ರಿಜೆಕ್ಟ್ ಆಗುತ್ತದೆ. ಅಳತೆಗೆ ಒಪ್ಪಿಕೊಂಡ ಉಷ್ಣಾಂಶ 20 ಡಿಗ್ರಿ. ಮಶೀನಿನಿಂದ ಬಿಸಿಬಿಸಿ ಬಂದ ಪಾರ್ಟನ್ನು ನೇರ ಸಿಎಂಎಂ ಮೇಲಿಟ್ಟರೆ, 100 ಮಿಲಿಮೀಟರ್ ಅಲ್ಯೂಮಿನಿಯಂ 10 ಡಿಗ್ರಿ ಏರಿದರೆ ಸುಮಾರು 23 ಮೈಕ್ರಾನ್ ಹಿಗ್ಗುತ್ತದೆ. ನಿನ್ನ ಟಾಲರೆನ್ಸೇ 20 ಮೈಕ್ರಾನ್ ಇದ್ದರೆ ಕಥೆ ಮುಗಿಯಿತು. ನಮ್ಮ ಫೀಲ್ಡಿನವರು ಇಂಥದ್ದನ್ನು ಓದುತ್ತಾರೆ, ಕಾಮೆಂಟಲ್ಲಿ ಜಗಳವನ್ನೂ ಆಡುತ್ತಾರೆ. ಆದರೆ ಕಸ್ಟಮರ್ ಡ್ರಾಯಿಂಗ್, ಪಾರ್ಟ್ ಫೋಟೊ, ಗೋಡೆ ಮೇಲಿನ ಬೋರ್ಡ್, ಯಾವುದೂ ಫೋಟೊದಲ್ಲಿ ಬೀಳಬಾರದು. ಏರೋಸ್ಪೇಸ್‌ನಲ್ಲಿ ಇದಕ್ಕೆ ಕ್ಷಮೆ ಇಲ್ಲ. ಗುಟ್ಟು ಕಾಯದವನು ಅಂತ ಗೊತ್ತಾದರೆ ಯಾರೂ ಹತ್ತಿರ ಸೇರಿಸುವುದಿಲ್ಲ.

ಗದಗ ಟು ಗಲ್ಫ್

ಒಂದು ಎಚ್ಚರಿಕೆ ಅಷ್ಟೇ. ಪ್ರೊಫೈಲ್ ಚೆನ್ನಾಗಿ ಆದಮೇಲೆ ಕಳ್ಳರೂ ಬರುತ್ತಾರೆ. ದೊಡ್ಡ ಕಂಪನಿಯ ಎಚ್‌ಆರ್ ಅಂತ ಹೇಳಿಕೊಂಡು ಎರಡೇ ಮಾತಿಗೆ ವಾಟ್ಸಾಪ್‌ಗೆ ಬಾ ಅಂದರೆ, ಇಂಟರ್‌ವ್ಯೂ ಇಲ್ಲದೆ ಆಫರ್ ಲೆಟರ್ ಕಳಿಸಿದರೆ, ಲ್ಯಾಪ್‌ಟಾಪ್ ಡಿಪಾಸಿಟ್, ಟ್ರೈನಿಂಗ್ ಫೀಸ್ ಅಂದರೆ ಅಲ್ಲಿಗೇ ಬಿಡು. ಮೇಲ್ ಐಡಿಯಲ್ಲಿ ಕಂಪನಿಯ ಡೊಮೇನ್ ಇದೆಯಾ ಜೀಮೇಲಾ ನೋಡು. ದುಡ್ಡು ಹೋದರೆ ತಡ ಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಬೇಕು. ಹೊರದೇಶದ ಆಫರ್ ಅಂದರೆ ಏಜೆಂಟ್ ನೋಂದಣಿ ಆಗಿದ್ದಾನಾ ಅಂತ ಸರ್ಕಾರದ ಇ-ಮೈಗ್ರೇಟ್ ಪೋರ್ಟಲ್‌ನಲ್ಲಿ ನೋಡಬಹುದು.

ಬೊಮ್ಮಸಂದ್ರ ಅಕ್ಕ

ಮ್ಯಾನೇಜರ್ ವಿಷಯ ಯಾರೂ ಹೇಳಲಿಲ್ಲ, ಅದನ್ನೂ ಮುಗಿಸುತ್ತೇನೆ.

ಪ್ರೊಫೈಲ್ ಬದಲಾಯಿಸುವ ಮೊದಲು ಸೆಟ್ಟಿಂಗ್ಸ್‌ನಲ್ಲಿ ವಿಸಿಬಿಲಿಟಿಗೆ ಹೋಗಿ, ಅಪ್‌ಡೇಟ್‌ಗಳನ್ನು ನೆಟ್‌ವರ್ಕ್‌ಗೆ ತಿಳಿಸುವುದನ್ನು ಆಫ್ ಮಾಡು. ಓಪನ್ ಟು ವರ್ಕ್‌ನಲ್ಲಿ ಎರಡು ಆಯ್ಕೆ ಇದೆ. ಎಲ್ಲರಿಗೂ ಅಂತ ಕೊಟ್ಟರೆ ಫೋಟೊ ಸುತ್ತ ಹಸಿರು ಪಟ್ಟಿ ಬರುತ್ತದೆ, ಕೆಲಸದಲ್ಲಿ ಇರುವವನಿಗೆ ಅದು ಬೇಡ. ರಿಕ್ರೂಟರ್‌ಗಳಿಗೆ ಮಾತ್ರ ಅಂತ ಕೊಡು. ನಿನ್ನ ಕಂಪನಿಯ ರಿಕ್ರೂಟರ್‌ಗಳಿಗೆ ಕಾಣದಂತೆ ಅವರು ನೋಡಿಕೊಳ್ಳುತ್ತಾರೆ, ಆದರೆ ನೂರಕ್ಕೆ ನೂರು ಗ್ಯಾರಂಟಿ ಇಲ್ಲ ಅಂತ ಅವರೇ ಹೇಳಿದ್ದಾರೆ. ಕಂಪನಿ ಹೆಸರನ್ನು ಸುಮ್ನೆ ಟೈಪ್ ಮಾಡಿ ಬಿಟ್ಟಿದ್ದರೆ ಈಗ ಲಿಂಕ್ಡ್‌ಇನ್‌ನಲ್ಲಿರುವ ಕಂಪನಿಯ ಪೇಜ್‌ಗೆ ಸೇರಿಸು, ಇಲ್ಲದಿದ್ದರೆ ನೀನು ಯಾವ ಕಂಪನಿಯವನು ಅಂತ ಅದಕ್ಕೆ ಗೊತ್ತಾಗುವುದು ಹೇಗೆ? ನೌಕ್ರಿಯಲ್ಲೂ ಕಂಪನಿಯನ್ನು ಬ್ಲಾಕ್ ಮಾಡುವ ಸೌಲಭ್ಯ ಇದೆ.

ಇಷ್ಟೆಲ್ಲ ಮಾಡುವ ಮೊದಲು ಅಪಾಯಿಂಟ್‌ಮೆಂಟ್ ಲೆಟರ್ ತೆಗೆದು ನೋಟೀಸ್ ಪೀರಿಯಡ್ ಎಷ್ಟಿದೆ ನೋಡಿಟ್ಟುಕೊ. ನಾನು ಫೋನ್ ಮಾಡಿದಾಗ ಸಂಬಳಕ್ಕೂ ಮೊದಲು ಅದನ್ನೇ ಕೇಳುತ್ತೇನೆ, "ಗೊತ್ತಿಲ್ಲ ಮೇಡಂ, ಕೇಳಿ ಹೇಳುತ್ತೇನೆ" ಅಂದವರಿಗೆ ಮತ್ತೆ ಫೋನ್ ಮಾಡುವುದು ಕಡಿಮೆ.