ಕಕ್ಕಬ್ಬೆ ಕಡೆಗೆ ವರ್ಗ ಆಗಿದೆ, ಊರು ಹೇಗಿದೆ ಅಂತ ಹೇಳುತ್ತೀರಾ?

ಗದಗದ ಟೀಚರ್ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಾನು ಪ್ರಾಥಮಿಕ ಶಾಲೆ ಶಿಕ್ಷಕಿ. ಹುಟ್ಟಿ ಬೆಳೆದದ್ದು, ಇಷ್ಟು ವರ್ಷ ಕೆಲಸ ಮಾಡಿದ್ದು ಎಲ್ಲ ಗದಗ ಜಿಲ್ಲೆಯಲ್ಲೇ. ಈ ಸಲ ಕೊಡಗಿಗೆ ವರ್ಗ ಆಗಿದೆ, ಕಕ್ಕಬ್ಬೆ ಹತ್ತಿರದ ಒಂದು ಶಾಲೆಗೆ. ಜೂನ್‌ನಲ್ಲಿ ಸೇರಬೇಕು.

ಊರಿನ ಬಗ್ಗೆ ಓದೋಣ ಅಂತ ಹುಡುಕಿದರೆ ಹೋಂಸ್ಟೇ, ಟ್ರೆಕ್ಕಿಂಗ್, ಮತ್ತೆ ಹೋಂಸ್ಟೇ. ಅಲ್ಲಿ ಬಾಳುವ ಜನ ಏನು ಬೆಳೆಯುತ್ತಾರೆ, ಏನು ಮಾತಾಡುತ್ತಾರೆ, ಯಾವ ಹಬ್ಬಕ್ಕೆ ಶಾಲೆ ಖಾಲಿ ಆಗುತ್ತದೆ, ಇದೆಲ್ಲ ಎಲ್ಲೂ ಸಿಗಲಿಲ್ಲ. ಮಕ್ಕಳ ಮುಂದೆ ನಿಂತಾಗ ಅವರ ಊರಿನ ಬಗ್ಗೆ ನನಗೆ ನಾಲ್ಕು ಮಾತಾದರೂ ಗೊತ್ತಿರಬೇಕು ಅಂತ ಆಸೆ. ಮಳೆಯ ಭಯ ಇದೆ, ಅದನ್ನೂ ಹೇಳಿಬಿಡುತ್ತೇನೆ. ನಮ್ಮ ಕಡೆ ಮಳೆಗೆ ಆಕಾಶ ನೋಡಿ ಕೂರುತ್ತೇವೆ, ನಿಮ್ಮ ಕಡೆ ಮಳೆ ನಿಲ್ಲೋದೇ ಇಲ್ಲ ಅನ್ನುತ್ತಾರೆ. ಅಲ್ಲಿನವರು ಯಾರಾದರೂ ಇದ್ದರೆ ದಯವಿಟ್ಟು ಬರೆಯಿರಿ.

ಯವಕಪಾಡಿ ತೋಟದವ ಬರೆದದ್ದು:

ಟೀಚರ್, ಸ್ವಾಗತ. ಕಕ್ಕಬ್ಬೆ ಮಡಿಕೇರಿ ತಾಲ್ಲೂಕಿಗೆ ಸೇರಿದ್ದು. ಹತ್ತಿರದ ಪೇಟೆ ನಾಪೋಕ್ಲು. ಇನ್ನೊಂದು ಕಡೆಯಿಂದ ವಿರಾಜಪೇಟೆಗೂ ರಸ್ತೆ ಇದೆ. ಜಿಲ್ಲೆಯಲ್ಲೆಲ್ಲೂ ರೈಲು ಇಲ್ಲ, ಹಾಗಾಗಿ ಮೈಸೂರಿನವರೆಗೆ ರೈಲಿನಲ್ಲಿ ಬಂದು ಆಮೇಲೆ ಬಸ್ಸು ಹಿಡಿಯಿರಿ. ಸಾಮಾನು ಕಡಿಮೆ ತನ್ನಿ.

ಕಕ್ಕಬ್ಬೆ ಅಂದರೆ ಒಂದು ಚಿಕ್ಕ ಪೇಟೆ ಅಷ್ಟೇ. ಊರೆಲ್ಲ ಇರುವುದು ಸುತ್ತಮುತ್ತ: ಯವಕಪಾಡಿ, ಕುಂಜಿಲ, ನಾಲಡಿ, ಮರಂದೋಡ. ನಿಮ್ಮ ಕಡೆ ಹಾಗೆ ಒಂದೇ ಕಡೆ ಗುಂಪಾಗಿ ಮನೆ ಇರುವುದಿಲ್ಲ. ಒಂದು ಮನೆ, ಆಮೇಲೆ ತೋಟ, ಆಮೇಲೆ ಒಂದು ತೋಡು ಅಂದರೆ ಸಣ್ಣ ಹಳ್ಳ, ಅದನ್ನು ದಾಟಿ ಮೇಲೆ ಹತ್ತಿದರೆ ಇನ್ನೊಂದು ಮನೆ. ಮಕ್ಕಳು ದೂರದಿಂದ ನಡೆದು ಬರುತ್ತಾರೆ. ತಡವಾಗಿ ಬಂದರೆ ಮೊದಲ ವಾರವೇ ಬೈಯಬೇಡಿ, ಬಂದ ದಾರಿ ಒಮ್ಮೆ ನೋಡಿ.

ಬೆಳೆ ಕಾಫಿ, ಕಾಳುಮೆಣಸು. ಮೇಲಿನ ಕಾಡಂಚಿನಲ್ಲಿ ಏಲಕ್ಕಿ. ನನ್ನ ಅಜ್ಜನ ಕಾಲದಲ್ಲಿ ಏಲಕ್ಕಿಯೇ ಈ ಕಡೆಯ ದುಡ್ಡು. ಕಟ್ಟೆ ರೋಗ ಬಂದು ಮಲೆಗೆ ಮಲೆಯೇ ಹಾಳಾಯಿತು, ಈಗ ಅಲ್ಲೊಂದು ಇಲ್ಲೊಂದು ಪಟ್ಟೆ ಉಳಿದಿದೆ. ಫೆಬ್ರವರಿ, ಮಾರ್ಚ್‌ನಲ್ಲಿ ಎಲ್ಲರೂ ಮಾತಾಡುವುದು ಒಂದೇ ವಿಷಯ, ಹೂಮಳೆ. ಆಗ ಒಂದು ಇಂಚು ಮಳೆ ಬಿದ್ದರೆ ವಾರ ಹತ್ತು ದಿನದಲ್ಲಿ ತೋಟವೆಲ್ಲ ಬೆಳ್ಳಗಾಗುತ್ತದೆ. ಮಲ್ಲಿಗೆ ತರಹದ ಪರಿಮಳ ಮನೆಯೊಳಗೂ ಬರುತ್ತದೆ. ಅರ್ಧ ಬಿದ್ದು ನಿಂತುಹೋದರೆ ಮೊಗ್ಗು ಕರಕಲು, ಮುಂದಿನ ವರ್ಷದ ಲೆಕ್ಕವೂ ಅಲ್ಲಿಗೆ ಮುಗಿಯಿತು. ಇಲ್ಲಿ ಮಳೆಯನ್ನು ಯಾರೂ ಮಿಲಿಮೀಟರ್‌ನಲ್ಲಿ ಹೇಳುವುದಿಲ್ಲ, ಇಂಚು ಮತ್ತು ಸೆಂಟು, ಸೆಂಟು ಅಂದರೆ ಇಂಚಿನ ನೂರನೇ ಒಂದು ಭಾಗ. ಬೆಳಿಗ್ಗೆ ಫೋನ್ ಮಾಡಿದರೆ ಮೊದಲ ಪ್ರಶ್ನೆಯೇ ‘ನಿಮ್ಮಲ್ಲಿ ಎಷ್ಟು ಸೆಂಟು?’ ಅಂತ. ನೀವೂ ಬೇಗ ಕಲಿಯುತ್ತೀರಿ.

ಇನ್ನು ಅರಮನೆ. ಯವಕಪಾಡಿಯಲ್ಲಿ ನಾಲ್ಕುನಾಡು ಅರಮನೆ ಇದೆ, ನಾವು ನಾಲ್ನಾಡ್ ಅರಮನೆ ಅನ್ನುತ್ತೇವೆ. ಕೊಡಗಿನ ರಾಜ ದೊಡ್ಡ ವೀರರಾಜೇಂದ್ರ ಟಿಪ್ಪುವಿನ ಸೆರೆಯಲ್ಲಿ ಪಿರಿಯಾಪಟ್ಟಣದಲ್ಲಿದ್ದ. 1788ರಲ್ಲಿ ಅಲ್ಲಿಂದ ತಪ್ಪಿಸಿಕೊಂಡು ಬಂದ. 1792ರಲ್ಲಿ ಈ ಬೆಟ್ಟದ ಬುಡದಲ್ಲಿ ಅರಮನೆ ಕಟ್ಟಿಸಿದ. ಮೈಸೂರು ಅರಮನೆ ತರಹ ಅಂದುಕೊಂಡು ಬಂದವರು ಎದುರು ನಿಂತು ‘ಇದೇನಾ?’ ಅಂತ ಕೇಳುತ್ತಾರೆ. ಹಂಚಿನ ಮಾಡು, ಎರಡು ಅಂತಸ್ತು, ಮರದ ಕೆತ್ತನೆ, ಗೋಡೆ ಮೇಲೆ ಚಿತ್ರ, ಒಳಗೆ ಕತ್ತಲು ಕೋಣೆಗಳು. ಆದರೆ ಅದು ಮೆರೆಯುವುದಕ್ಕೆ ಕಟ್ಟಿದ್ದಲ್ಲ, ಬಚ್ಚಿಟ್ಟುಕೊಳ್ಳುವುದಕ್ಕೆ ಕಟ್ಟಿದ್ದು. ಹಿಂದೆ ಬೆಟ್ಟ, ಸುತ್ತ ಕಾಡು. ಎದುರಿಗಿರುವ ಚಿಕ್ಕ ಮಂಟಪ ರಾಜನಿಗೂ ಮಹದೇವಮ್ಮಾಜಿಗೂ 1796ರಲ್ಲಿ ಆದ ಮದುವೆಯದು. ಕೊನೆಯ ರಾಜ ಚಿಕ್ಕ ವೀರರಾಜೇಂದ್ರ 1834ರಲ್ಲಿ ಬ್ರಿಟಿಷರು ಬಂದಾಗ ಬಂದು ಸೇರಿದ್ದೂ ಇಲ್ಲಿಗೇ. ಒಂದು ರಾಜ್ಯ ಮತ್ತೆ ತಲೆ ಎತ್ತಿದಾಗ ಕಟ್ಟಿದ ಮನೆ, ಅದೇ ರಾಜ್ಯ ಮುಗಿಯುವುದನ್ನೂ ನೋಡಿತು. ಮಕ್ಕಳನ್ನು ಖಂಡಿತ ಕರೆದುಕೊಂಡು ಹೋಗಿ. ಗೋಡೆ ಮೇಲೆ ಹೆಸರು ಗೀಚಬಾರದು ಅಂತ ಹೇಳಿಕೊಟ್ಟರೆ ನಿಮಗೆ ಪುಣ್ಯ ಬರುತ್ತದೆ. ಬಂದವರು ಗೀಚಿ ಗೀಚಿ ನೋಡುವುದಕ್ಕೇ ಸಂಕಟ ಆಗುತ್ತದೆ.

ಅರಮನೆ ಹಿಂದಿನಿಂದಲೇ ತಡಿಯಂಡಮೋಳ್‌ಗೆ ದಾರಿ. 1748 ಮೀಟರ್, ಕೊಡಗಿನಲ್ಲಿ ಅದಕ್ಕಿಂತ ಎತ್ತರ ಬೇರೆ ಇಲ್ಲ. ಅರಣ್ಯ ಇಲಾಖೆ ಅನುಮತಿ ಬೇಕು. ಮಳೆಗಾಲದಲ್ಲಿ ಆಸೆ ಬೇಡ.

ಕುಂಜಿಲದ ಮನೆಯವಳು ಬರೆದದ್ದು:

ಮೇಲಿನವರು ಬೆಟ್ಟ, ಅರಮನೆ ಎಲ್ಲ ಚೆನ್ನಾಗಿ ಹೇಳಿದ್ದಾರೆ. ನಾನು ಮನೆ ವಿಷಯ ಹೇಳುತ್ತೇನೆ.

ಭಾಷೆ ಬಗ್ಗೆ ಭಯ ಬೇಡ. ನಿಮ್ಮ ತರಗತಿಯಲ್ಲಿ ಇಪ್ಪತ್ತು ಮಕ್ಕಳಿದ್ದರೆ ಮನೆಯಲ್ಲಿ ಕೊಡವ ತಕ್ಕ್ ಮಾತಾಡುವವರು, ಮಲಯಾಳ ಮಾತಾಡುವವರು, ಅರೆಭಾಷೆಯವರು, ತುಳುವಿನವರು, ತೋಟದ ಕೂಲಿಯವರ ಲೈನ್‌ಮನೆಗಳಲ್ಲಿ ಇನ್ನೂ ಬೇರೆ ಬೇರೆ ಮಾತಿನವರು ಎಲ್ಲ ಇರುತ್ತಾರೆ. ನಮ್ಮ ಮನೆಯಲ್ಲಿ ಮಲಯಾಳವೇ. ಆದರೆ ಅಂಗಡಿಗೆ ಹೋದರೆ, ಬಸ್ಸು ಹತ್ತಿದರೆ, ಶಾಲೆಗೆ ಬಂದರೆ ಎಲ್ಲರನ್ನೂ ಸೇರಿಸುವುದು ಕನ್ನಡ. ಹಾಗಾಗಿ ಕನ್ನಡ ಟೀಚರ್‌ಗೆ ಇಲ್ಲಿ ದೊಡ್ಡ ಜಾಗ ಇದೆ. ನಿಮ್ಮ ಗದಗದ ಕನ್ನಡ ಮೊದಲು ಮಕ್ಕಳಿಗೆ ಹೊಸದು ಅನಿಸಬಹುದು, ಒಂದು ತಿಂಗಳಲ್ಲಿ ಅವರೇ ಅದನ್ನು ಕಲಿತುಬಿಡುತ್ತಾರೆ ನೋಡಿ.

ಬೆಟ್ಟದ ಬುಡದಲ್ಲಿ ಕುಡಿಯ ಬುಡಕಟ್ಟಿನವರ ಮನೆಗಳಿವೆ. ಬೈನೆ ಮರದ ಕೆಲಸ, ಜೇನು, ಏಲಕ್ಕಿ, ಕಾಡಿನ ದಾರಿ, ಇವೆಲ್ಲ ಅವರಷ್ಟು ಗೊತ್ತಿರುವವರು ಬೇರೆ ಯಾರೂ ಇಲ್ಲ. ಆ ಮನೆಗಳ ಮಕ್ಕಳು ತರಗತಿಯಲ್ಲಿ ಸುಮ್ನೆ ಹಿಂದೆ ಕೂತಿರುತ್ತಾರೆ, ಮಾತು ಕಡಿಮೆ. ಒಮ್ಮೆ ಮರದ ಹೆಸರು, ಹಕ್ಕಿಯ ಹೆಸರು ಕೇಳಿ ನೋಡಿ. ನನ್ನ ಜೊತೆ ಓದುತ್ತಿದ್ದ ಒಬ್ಬ ಹುಡುಗನಿಗೆ ನಾಲ್ಕನೇ ಕ್ಲಾಸಿನಲ್ಲೇ ಐವತ್ತು ಮರ ಗೊತ್ತಿತ್ತು. ಪುಸ್ತಕದಲ್ಲಿ ಅದಕ್ಕೆ ಮಾರ್ಕ್ಸ್ ಇರಲಿಲ್ಲ. ಅವನು ಏಳನೆಯಲ್ಲಿ ಶಾಲೆ ಬಿಟ್ಟ. ನನಗೆ ಇವತ್ತಿಗೂ ಅದು ಮನಸ್ಸಿಗೆ ಚುಚ್ಚುತ್ತದೆ.

ನಾಪೋಕ್ಲು ಹತ್ತಿರ ಎಮ್ಮೆಮಾಡು ದರ್ಗಾ ಇದೆ, ಅಲ್ಲಿನ ಉರೂಸ್‌ಗೆ ಎಲ್ಲ ಜಾತಿಯವರೂ ಹೋಗುತ್ತಾರೆ. ಆ ದಿನಗಳಲ್ಲಿ ಬಸ್ಸಿನಲ್ಲಿ ಕಾಲಿಡಲು ಜಾಗ ಇರುವುದಿಲ್ಲ.

ಮಳೆ ಬಗ್ಗೆ: ಜೂನ್ ಎರಡನೇ ವಾರದಿಂದ ಸೆಪ್ಟೆಂಬರ್‌ವರೆಗೆ ಬಟ್ಟೆ ಒಣಗುವುದಿಲ್ಲ, ಒಲೆ ಮೇಲೆ ಹಗ್ಗ ಕಟ್ಟಿ ಒಣಗಿಸಬೇಕು. ಕರೆಂಟು ಹೋದರೆ ಮೂರು ನಾಲ್ಕು ದಿನ ಬಾರದೆ ಇರಬಹುದು. ಮೊಬೈಲ್ ಸಿಗ್ನಲ್ ಮನೆಯ ಯಾವುದೋ ಒಂದು ಮೂಲೆಯಲ್ಲಿ ಸಿಗುತ್ತದೆ, ಆ ಮೂಲೆ ಮೊದಲೇ ಹುಡುಕಿಟ್ಟುಕೊಳ್ಳಿ. ಚಪ್ಪಲಿ ಬೇಡ, ಗಂಬೂಟ್ ತೆಗೆದುಕೊಳ್ಳಿ. ಜಿಗಣೆಗೆ ಉಪ್ಪು ಸಾಕು. ಜಿಲ್ಲಾಡಳಿತ ಮಳೆ ರಜೆ ಕೊಡುತ್ತದೆ, ಆಮೇಲೆ ಶನಿವಾರ ಪೂರ್ತಿ ದಿನ ಶಾಲೆ ಇಟ್ಟು ಸರಿ ಮಾಡಿಕೊಳ್ಳುತ್ತಾರೆ. ಚೇಲಾವರ ಜಲಪಾತ ನಮ್ಮ ಕಡೆಯಿಂದ ದೂರವಿಲ್ಲ, ನೋಡಲು ಚಂದ, ನೀರಿಗೆ ಮಾತ್ರ ಇಳಿಯಬೇಡಿ. ಗುಂಡಿ ಆಳ ಇದೆ, ಎಷ್ಟೋ ಜೀವ ಹೋಗಿದೆ ಅಲ್ಲಿ.

ಐನ್‌ಮನೆ ಮಗ, ಈಗ ಮೈಸೂರಿನಲ್ಲಿ, ಬರೆದದ್ದು:

ಯಾವ ಹಬ್ಬಕ್ಕೆ ಶಾಲೆ ಖಾಲಿ ಆಗುತ್ತದೆ ಅಂತ ಕೇಳಿದ್ದೀರಿ. ಅದಕ್ಕೆ ಇನ್ನೂ ಯಾರೂ ಉತ್ತರ ಕೊಟ್ಟಿಲ್ಲ. ಪುತ್ತರಿ, ಅಂದರೆ ಹೊಸ ಭತ್ತದ ಹಬ್ಬ.

ಇದನ್ನು ಸ್ವಲ್ಪ ಉದ್ದವಾಗಿ ಹೇಳಬೇಕು, ಯಾಕೆಂದರೆ ಕಕ್ಕಬ್ಬೆ ಅಂದರೆ ನನಗೆ ಅರಮನೆ ಅಲ್ಲ, ಬೆಟ್ಟವೂ ಅಲ್ಲ. ಪಾಡಿ ಇಗ್ಗುತ್ತಪ್ಪ. ಮಳೆಯ ದೇವರು, ಬೆಳೆಯ ದೇವರು, ನಮ್ಮ ಹಿರಿಯರ ಮಾತಿನಲ್ಲಿ ಅನ್ನ ಕೊಡುವ ಅಪ್ಪ. ಇಡೀ ಕೊಡಗಿನಲ್ಲಿ ಹೊಸ ಭತ್ತದ ಕದಿರು ಯಾವ ದಿನ ತೆಗೆಯಬೇಕು, ಎಷ್ಟು ಗಂಟೆಗೆ ನೆರೆ (ಎಲೆಗಳ ಕಟ್ಟು) ಕಟ್ಟಬೇಕು, ಎಷ್ಟು ಗಂಟೆಗೆ ಕದಿರು ಕೊಯ್ಯಬೇಕು, ಎಷ್ಟು ಗಂಟೆಗೆ ಊಟಕ್ಕೆ ಕೂರಬೇಕು, ಇದನ್ನೆಲ್ಲ ನಿಶ್ಚಯ ಮಾಡುವುದು ಇಲ್ಲಿನ ಇಗ್ಗುತ್ತಪ್ಪ ದೇವಸ್ಥಾನದಲ್ಲಿ, ಅಮ್ಮಂಗೇರಿ ಜೋಯಿಸರು ಲೆಕ್ಕ ಹಾಕಿ. ರೋಹಿಣಿ ನಕ್ಷತ್ರ, ಹುಣ್ಣಿಮೆ ನೋಡುತ್ತಾರೆ. ನವೆಂಬರ್ ಕೊನೆ ಅಥವಾ ಡಿಸೆಂಬರ್‌ನಲ್ಲಿ ಬರುತ್ತದೆ. ಮೊದಲ ಕದಿರು ಇಗ್ಗುತ್ತಪ್ಪನಲ್ಲಿ, ಆಮೇಲೆ ನಾಡಿಗೆಲ್ಲ. ಗೋಣಿಕೊಪ್ಪದವರೂ ಸೋಮವಾರಪೇಟೆಯವರೂ ಬೆಂಗಳೂರಿನಲ್ಲಿ ಇರುವವರೂ ಕಾಯುವುದು ಈ ಒಂದು ಹಳ್ಳಿಯಿಂದ ಬರುವ ಗಂಟೆಗೆ. ಇಂಟರ್ನೆಟ್ಟಿನಲ್ಲಿ ಈ ಊರು ‘ಟ್ರೆಕ್ಕಿಂಗ್ ಬೇಸ್’. ನಮಗೆ ವರ್ಷ ಶುರು ಆಗುವ ಜಾಗ.

ಚಿಕ್ಕವನಿದ್ದಾಗ ಪುತ್ತರಿ ರಾತ್ರಿ ಐನ್‌ಮನೆಯಲ್ಲಿ, ಅಂದರೆ ಕುಟುಂಬದ ಮೂಲಮನೆಯಲ್ಲಿ, ನೆಲ್ಲಕ್ಕಿ ನಡುಬಾಡೆ ಅನ್ನುವ ನಡುಮನೆಯ ದೀಪದ ಕೆಳಗೆ ಎಲ್ಲರೂ ಸೇರುತ್ತಿದ್ದೆವು. ಎಲೆಗಳನ್ನು ಸೇರಿಸಿ ನೆರೆ ಕಟ್ಟಿ, ದೀಪ ಹಿಡಿದು ಸಾಲಾಗಿ ಗದ್ದೆಗೆ ಇಳಿಯುತ್ತಿದ್ದೆವು. ಬೆಳದಿಂಗಳು, ಚಳಿ, ಕಾಲಿಗೆ ಇಬ್ಬನಿ. ಕೋವಿಯಿಂದ ಒಂದು ಗುಂಡು. ಅದಕ್ಕೆ ಆಚೆ ಬೆಟ್ಟದ ಮನೆಯಿಂದ ಇನ್ನೊಂದು ಗುಂಡು, ಅದರಾಚೆ ಇನ್ನೊಂದು. ದೊಡ್ಡವರು ಕದಿರು ಕೊಯ್ಯುತ್ತಿದ್ದಂತೆ ಎಲ್ಲರೂ ‘ಪೊಲಿ ಪೊಲಿಯೇ ದೇವಾ’ ಅಂತ ಕೂಗಬೇಕು. ಹೆಚ್ಚಾಗಲಿ, ತುಂಬಲಿ ಅಂತ ಅರ್ಥ. ಆಮೇಲೆ ಕದಿರನ್ನು ಕಂಬಕ್ಕೆ, ಬಾಗಿಲಿಗೆ, ಕಣದಲ್ಲಿ, ತೋಟದ ಮರಕ್ಕೆ ಕಟ್ಟಿ, ತಂಬಿಟ್ಟು ತಿಂದು, ಮಲಗುವಾಗ ಮಧ್ಯರಾತ್ರಿ.

ನಮ್ಮ ಮನೆಯ ಗದ್ದೆ ಹನ್ನೆರಡು ವರ್ಷದಿಂದ ಪಾಳು. ನಾಟಿಗೆ ಜನ ಇಲ್ಲ. ಸಿಕ್ಕರೂ ಕೂಲಿ ಕೊಟ್ಟು ಬೆಳೆದ ಭತ್ತಕ್ಕಿಂತ ಅಂಗಡಿ ಅಕ್ಕಿ ಅಗ್ಗ. ಹಂದಿ ಬಂದು ಹೊರಳಾಡಿದರೆ ಅದೂ ಇಲ್ಲ. ಅಪ್ಪ ಒಬ್ಬರೇ ಎರಡು ವರ್ಷ ಹಟ ಹಿಡಿದು ಮಾಡಿದರು, ಆಮೇಲೆ ಮಂಡಿನೋವು ಬಿಡಲಿಲ್ಲ. ಈಗ ಪುತ್ತರಿ ರಾತ್ರಿ ಪಕ್ಕದ ಮನೆಯವರ ಗದ್ದೆಗೆ ಹೋಗಿ ಕದಿರು ತೆಗೆಯುತ್ತೇವೆ. ಅವರು ಸಂತೋಷದಿಂದಲೇ ಕೊಡುತ್ತಾರೆ. ಆದರೂ ನಮ್ಮ ಗದ್ದೆ ದಾಟಿಯೇ ಅಲ್ಲಿಗೆ ಹೋಗಬೇಕು. ಆಗ ಯಾರೂ ಮಾತಾಡುವುದಿಲ್ಲ.

ಜೇನುಗೂಡು ಬರೆದದ್ದು:

ಐನ್‌ಮನೆಯವರ ಮಾತು ಓದಿ ಕಣ್ಣು ತುಂಬಿತು. ಗದ್ದೆ ಹೋದ ಹಾಗೇ ಹೋದ ಇನ್ನೊಂದು ವಿಷಯ ಹೇಳುತ್ತೇನೆ. ಕಕ್ಕಬ್ಬೆ ಒಂದು ಕಾಲಕ್ಕೆ ಜೇನಿಗೆ ಹೆಸರಾದ ಊರು. ಪ್ರತಿ ಮನೆ ಹಿಂದೆ ತುಡುವೆ ಜೇನಿನ ಪೆಟ್ಟಿಗೆ ಇರುತ್ತಿತ್ತು. ಕಾಫಿ ಹೂವಾದ ಮೇಲೆ, ಕಾಡುಮರಗಳ ಹೂವು ಮುಗಿಯುವ ಹೊತ್ತಿಗೆ ಏಪ್ರಿಲ್, ಮೇನಲ್ಲಿ ಜೇನುತುಪ್ಪ ತೆಗೆಯುತ್ತಿದ್ದೆವು. ಶಾಲೆ ಫೀಸು, ಪುಸ್ತಕ ಎಲ್ಲ ಆ ದುಡ್ಡಿನಲ್ಲೇ.

1990ರ ದಶಕದ ಶುರುವಿನಲ್ಲಿ ಥಾಯ್ ಸ್ಯಾಕ್‌ಬ್ರೂಡ್ ಅನ್ನುವ ವೈರಸ್ ರೋಗ ಬಂತು. ಮರಿಹುಳು ಕೋಶದೊಳಗೇ ನೀರು ತುಂಬಿದ ಚೀಲದ ಹಾಗೆ ಆಗಿ ಸಾಯುತ್ತದೆ. ದೊಡ್ಡ ಜೇನುಗಳಿಗೆ ಏನೂ ಆಗಿರುವುದಿಲ್ಲ, ಆದರೆ ಮುಂದಿನ ಪೀಳಿಗೆ ಇಲ್ಲ, ಕುಟುಂಬ ಖಾಲಿ. ದಕ್ಷಿಣ ಭಾರತದಲ್ಲೆಲ್ಲ ಹಾಗಾಯಿತು. ನನ್ನ ತಂದೆಯ ಹತ್ತಿರ ನಲವತ್ತು ಪೆಟ್ಟಿಗೆ ಇತ್ತು, ಎರಡು ಉಳಿಯಿತು. ಖಾಲಿ ಪೆಟ್ಟಿಗೆಗಳನ್ನು ಅವರು ತುಂಬಾ ವರ್ಷ ಬಿಸಾಡಲಿಲ್ಲ.

ಈಗ ಸ್ವಲ್ಪ ಸ್ವಲ್ಪ ಮತ್ತೆ ಬಂದಿದೆ. ನನ್ನಲ್ಲಿ ಒಂಬತ್ತು ಪೆಟ್ಟಿಗೆ ಇವೆ. ಕಾಡಿನಲ್ಲಿ ಬದುಕಿ ಉಳಿದ ಕುಟುಂಬಗಳನ್ನು ಹಿಡಿದು ಕೂರಿಸಿದ್ದು. ಔಷಧಿ ಹೊಡೆಯದ ತೋಟದ ಪಕ್ಕ ಇಟ್ಟರೆ ಚೆನ್ನಾಗಿ ನಿಲ್ಲುತ್ತವೆ. ಟೀಚರ್, ಮಕ್ಕಳಿಗೆ ಪೆಟ್ಟಿಗೆ ತೆಗೆದು ತೋರಿಸಬೇಕು ಅಂದರೆ ಕಳುಹಿಸಿಕೊಡಿ, ನಾನೇ ನಿಂತು ತೋರಿಸುತ್ತೇನೆ. ತುಡುವೆ ಸಾಧು, ಗಾಬರಿ ಮಾಡದಿದ್ದರೆ ಕಚ್ಚುವುದು ಕಡಿಮೆ.

ಗದಗದ ಟೀಚರ್ ಬರೆದದ್ದು:

ಎಲ್ಲರಿಗೂ ತುಂಬಾ ಧನ್ಯವಾದ. ರಾತ್ರಿ ಅವ್ವನಿಗೆ ಇದನ್ನೆಲ್ಲ ಓದಿ ಹೇಳಿದೆ. ನಮ್ಮಲ್ಲಿ ಎಳ್ಳಮಾಸೆಗೆ ಹೊಲಕ್ಕೆ ಹೋಗಿ ಚರಗ ಚೆಲ್ಲುವಾಗ ‘ಹುಲ್ಲುಲ್ಲಿಗೋ ಚಳ್ಳಂಬ್ರಿಗೋ’ ಅಂತ ಕೂಗುತ್ತೇವೆ. ‘ಪೊಲಿ ಪೊಲಿಯೇ ದೇವಾ’ ಕೇಳಿ ಅವ್ವ ‘ಅಲ್ಲೂ ನಮ್ಮಂಥವರೇ ಅದಾರ ಬಿಡು’ ಅಂದಳು. ಮಳೆಯ ಭಯ ಇನ್ನೂ ಇದೆ, ಊರಿನ ಭಯ ಇಲ್ಲ.

ಒಂದು ಪ್ರಶ್ನೆ. ಐನ್‌ಮನೆಯವರೇ, ಶಾಲೆಯ ಹಿಂದೆ ನಾಲ್ಕು ಸಾಲು ಜಾಗ ಇದ್ದು ನೀರು ನಿಲ್ಲುವ ಹಾಗಿದ್ದರೆ ಮಕ್ಕಳ ಕೈಯಲ್ಲಿ ಭತ್ತ ನಾಟಿ ಮಾಡಿಸಬಹುದಾ? ನನಗೆ ಜೋಳ ಗೊತ್ತು, ಭತ್ತ ಗೊತ್ತಿಲ್ಲ.

ಐನ್‌ಮನೆ ಮಗ ಬರೆದದ್ದು:

ಮಾಡಿಸಬಹುದು. ನಾಟಿ ಜುಲೈನಲ್ಲಿ ಆದರೆ ಪುತ್ತರಿ ಹೊತ್ತಿಗೆ ಕದಿರು ಬಂದಿರುತ್ತದೆ. ಸಸಿಮಡಿಗೆ ಬೀಜ ಜೂನ್‌ನಲ್ಲೇ ಹಾಕಬೇಕು, ನೀವು ಬಂದ ವಾರವೇ. ಅಪ್ಪ ಊರಲ್ಲೇ ಇದ್ದಾರೆ. ನಿಮ್ಮ ಪ್ರಶ್ನೆಯನ್ನು ಫೋನ್‌ನಲ್ಲಿ ಓದಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಜಾಗ ಎಷ್ಟಿದೆ ಕೇಳು, ಬೀಜ ನಾನು ಹೊಂದಿಸುತ್ತೇನೆ’ ಅಂದರು. ಅಳತೆ ಮಾಡಿ ತಿಳಿಸಿ. ಬಸ್ಸಿನಲ್ಲಿ ಬಂದರೆ ಕೈಕಂಬದಲ್ಲಿ ಇಳಿಯಿರಿ, ಯಾವ ದಿನ ಅಂತ ಮೊದಲೇ ಹೇಳಿದರೆ ಅಪ್ಪ ಬಂದು ನಿಂತಿರುತ್ತಾರೆ.