ಒರೆಯಲ್ಲೇ ಕಚ್ಚಿಕೊಂಡ ಹಳೇ ಕತ್ತಿ, ಎಳೆದರೂ ಬರ್ತಿಲ್ಲ

ಲೀಡ್ಸ್_ಮಂಜ:
ಎಲ್ಲರಿಗೂ ನಮಸ್ಕಾರ. ಇಲ್ಲಿ ಇಂಗ್ಲೆಂಡಿನ ಲೀಡ್ಸ್‌ನಲ್ಲಿ ರಾಯಲ್ ಆರ್ಮರೀಸ್ ಅನ್ನೋ ಆಯುಧಗಳ ಮ್ಯೂಸಿಯಂ ಸುತ್ತಿ ಸುತ್ತಿ ಹುಚ್ಚು ಹಿಡಿದು ನಾನೂ ಒಂದು ಕತ್ತಿ ಕೊಂಡೆ. ಬ್ರಿಟಿಷ್ ಅಶ್ವದಳದ ಅಧಿಕಾರಿಯದ್ದು, 1821ರ ಮಾದರಿ ಅಂತ ಮಾರಿದವರು ಹೇಳಿದರು. ಕೈ ಕಾಯೋದಕ್ಕೆ ಮೂರು ಕಂಬಿ, ಉಕ್ಕಿನ ಒರೆ, ಒರೆಗೆ ಎರಡು ಬಳೆ. ಕೊಂಡಾಗಲೇ ಅಲಗು ಎರಡು ಬೆರಳಗಲ ಮಾತ್ರ ಹೊರಗೆ ಬರ್ತಿತ್ತು. ಚಳಿಗಾಲ ಪೂರ್ತಿ ನೆಲಮಾಳಿಗೆಯಲ್ಲಿ ಇಟ್ಟೆ, ಈಗ ಕೂದಲೆಳೆಯಷ್ಟೂ ಅಲ್ಲಾಡ್ತಿಲ್ಲ. ನಾನು ಹಿಡಿ, ಹೆಂಡತಿ ಒರೆ ಹಿಡಿದು ಹಗ್ಗಜಗ್ಗಾಟವೂ ಆಯ್ತು. ಹಿಡಿಯೊಳಗೆ ‘ಕಿರ್’ ಅಂತ ಸದ್ದು ಬಂತು, ಹೆದರಿ ಬಿಟ್ಟೆ. ಹುಣಸೆಹಣ್ಣು ಕಿವುಚಿ ನೀರು ಬಿಡು ಅಂತ ಊರಿಂದ ಅಮ್ಮ ಫೋನಲ್ಲಿ ಹೇಳ್ತಿದಾರೆ. ಏನು ಮಾಡಲಿ?

ಗುಜರಿಪ್ರಿಯ:
ಒರೆಯನ್ನ ಗ್ಯಾಸ್ ಒಲೆ ಮೇಲೆ ಹಿಡೀರಿ. ಕಬ್ಬಿಣ ಹಿಗ್ಗುತ್ತೆ, ಕತ್ತಿ ತಾನೇ ಬರುತ್ತೆ.

ತುಕ್ಕುಶತ್ರು:
ಒಲೆ ಹತ್ತಿರಕ್ಕೂ ಹೋಗಬೇಡಿ ಮಂಜು ಅವರೇ. ಅಧಿಕಾರಿಗಳ ಉಕ್ಕಿನ ಒರೆಯೊಳಗೆ ಸಾಮಾನ್ಯವಾಗಿ ಎರಡು ತೆಳು ಮರದ ಪಟ್ಟಿ ಇರುತ್ತವೆ. ಬಿಸಿ ಮಾಡಿದರೆ ಮರ ಕರಿಯಾಗುತ್ತೆ, ಅಲಗಿನ ಹದವೂ ಕೆಡಬಹುದು. ನನ್ನ ಊಹೆ: ಥಂಡಿಗೆ ಆ ಪಟ್ಟಿ ಊದಿಕೊಂಡಿದೆ, ಜೊತೆಗೆ ಒಂದಿಷ್ಟು ತುಕ್ಕು. ಹುಣಸೆ ತಾಮ್ರದ ಚೊಂಬಿಗೆ ಸರಿ, ಉಕ್ಕಿಗೆ ಅಲ್ಲ. ಹುಳಿ ಉಕ್ಕನ್ನು ತಿನ್ನುತ್ತೆ, ನೀರು ಮರವನ್ನ ಇನ್ನಷ್ಟು ಊದಿಸುತ್ತೆ.

ಆ ‘ಕಿರ್’ ಸದ್ದೇ ನನಗೆ ಚಿಂತೆ. ಅಲಗಿನ ಬಾಲ ಹಿಡಿಯೊಳಗಿಂದ ಹಾದು ಮೇಲೆ ತುದಿಯಲ್ಲಿ ರಿವೆಟ್ ಹಾಗೆ ತಟ್ಟಿ ಕೂರಿಸಿರುತ್ತಾರೆ. ಹಿಡಿ ಮರದ್ದು, ಮೇಲೆ ಮೀನಿನ ಚರ್ಮ, ಅದರ ಮೇಲೆ ತಂತಿ. ಎಳೆದಷ್ಟೂ ಅದೇ ಸಡಿಲವಾಗುತ್ತೆ. ಇನ್ನು ಹಿಡಿ ಹಿಡಿದು ಎಳೆಯಬೇಡಿ.

ಮೊದಲು ಒಣಗಿಸಿ. ದೊಡ್ಡ ಪ್ಲಾಸ್ಟಿಕ್ ಚೀಲದಲ್ಲಿ ಒಂದಿಷ್ಟು ಸಿಲಿಕಾ ಜೆಲ್ ಪೊಟ್ಟಣ ಹಾಕಿ, ಕತ್ತಿ ಸಮೇತ ಕಟ್ಟಿ ಎರಡು ಮೂರು ವಾರ ಬಿಟ್ಟುಬಿಡಿ. ಹೀಟರ್ ಮೇಲೆ ಇಟ್ಟು ಅವಸರ ಮಾಡಿದರೆ ಚರ್ಮ ಬಿರಿಯುತ್ತೆ. ಆಮೇಲೆ ಒರೆಯ ಬಾಯಿಯ ಆಚೆ ಈಚೆ ನೋಡಿ, ಪುಟ್ಟ ಸ್ಕ್ರೂ ಎರಡು ಇರಬೇಕು. ಅವಕ್ಕೆ ಹೊಲಿಗೆ ಮಷಿನ್ ಎಣ್ಣೆ ಒಂದೊಂದು ಹನಿ ಬಿಟ್ಟು ಮಾರನೇ ದಿನ, ಕಂಡಿಗೆ ಸರಿಯಾಗಿ ಕೂರುವ ಸ್ಕ್ರೂಡ್ರೈವರ್‌ನಿಂದ ಬಿಚ್ಚಿ. ಅವು ಬಾಯಿಪಟ್ಟಿಯನ್ನೂ ಮರವನ್ನೂ ಹಿಡಿದಿರುವ ಸ್ಕ್ರೂಗಳು. ಅವು ಹೋದರೆ ಕತ್ತಿ, ಬಾಯಿಪಟ್ಟಿ, ಮರ ಮೂರೂ ಒಟ್ಟಿಗೇ ಜಾರುತ್ತವೆ. ದಪ್ಪ ಚರ್ಮದ ಗ್ಲೌಸ್ ಹಾಕಿ, ಕೈಗಾಪನ್ನು ಅಲಗಿಗೆ ಸೇರುವ ಬುಡದಲ್ಲೇ ಹಿಡಿದು ನೇರ ಎಳೀರಿ, ತಿರುಚಬೇಡಿ.

ಇನ್ನೊಂದು ಮಾತು. ಮೂರು ಕಂಬಿ ಇದ್ದ ಮಾತ್ರಕ್ಕೆ ಅಶ್ವದಳ ಅಂತಲ್ಲ. ಲಘು ಅಶ್ವದಳದ ಇದೇ ಹಿಡಿಯನ್ನ ಫಿರಂಗಿ ದಳದ ಅಧಿಕಾರಿಗಳೂ ಕಟ್ಟಿಕೊಂಡರು. ಅಲಗಿನ ಮೇಲಿನ ಚಿತ್ತಾರವೇ ಹೇಳಬೇಕು.

ಲೀಡ್ಸ್_ಮಂಜ:
ಇಪ್ಪತ್ತೈದು ದಿನ ಆದಮೇಲೆ ವರದಿ. ಬಂತು ಸಾರ್! ಒಂದು ಸ್ಕ್ರೂ ಸಲೀಸು, ಇನ್ನೊಂದಕ್ಕೆ ಮೂರು ದಿನ ಎಣ್ಣೆ ಕುಡಿಸಿದೆ. ಎಳೆದಾಗ ತೆಂಗಿನ ಗರಿ ಸೀಳಿದ ಸದ್ದು, ಆಮೇಲೆ ಪೂರ್ತಿ ಈಚೆಗೆ. ಮರದ ಪಟ್ಟಿಗಳಲ್ಲಿ ಒಂದು ಮುರಿದು ಎರಡು ತುಂಡಾಗಿದೆ. ಅಲಗಿನ ತುದಿ ಕಡೆ ಕೆಂಪು ತುಕ್ಕು, ಮೇಲ್ಭಾಗ ಚೆನ್ನಾಗಿದೆ. ಒಂದು ಕಡೆ ಕಿರೀಟ, ಕೆಳಗೆ ‘ವಿ ಆರ್’. ಇನ್ನೊಂದು ಕಡೆ... ಗಾಲಿ ಮೇಲೆ ಕೂತ ಫಿರಂಗಿ! ಕೆಳಗೆ ‘ಉಬಿಕ್ವೆ’ ಅಂತೇನೋ ಇದೆ.

ತುಕ್ಕುಶತ್ರು:
ಹಾಗಾದರೆ ಕುದುರೆ ಇಳೀರಿ. ‘ವಿ ಆರ್’ ಅಂದರೆ ವಿಕ್ಟೋರಿಯಾ ರೆಜಿನಾ, ವಿಕ್ಟೋರಿಯಾ ರಾಣಿ. ಆಕೆಯ ಕಾಲದ್ದು, ಅಂದರೆ 1837ರಿಂದ 1901ರ ಒಳಗಿನದ್ದು. ‘ಉಬಿಕ್ವೆ’ ಅನ್ನೋದು ಬ್ರಿಟಿಷ್ ಫಿರಂಗಿ ದಳವಾದ ರಾಯಲ್ ಆರ್ಟಿಲರಿಯ ಧ್ಯೇಯವಾಕ್ಯ, ಲ್ಯಾಟಿನ್‌ನಲ್ಲಿ ‘ಎಲ್ಲೆಲ್ಲೂ’ ಅಂತ ಅರ್ಥ. ಅವರಲ್ಲೂ ಕುದುರೆ ಏರಿದ ಫಿರಂಗಿ ದಳ ಒಂದಿತ್ತು, ಪೂರ್ತಿ ಬೇಜಾರಾಗಬೇಡಿ.

ತುಕ್ಕಿಗೆ ನಾಲ್ಕು ಸೊನ್ನೆ (0000) ಗ್ರೇಡಿನ ನಯವಾದ ಸ್ಟೀಲ್ ವೂಲ್, ಅದೇ ಎಣ್ಣೆ, ಮೆಲ್ಲಗೆ. ಚಿತ್ತಾರ ಇರುವಲ್ಲಿ ಬರೀ ಬಟ್ಟೆ. ಉಪ್ಪುಕಾಗದ ಬೇಡವೇ ಬೇಡ, ಒಮ್ಮೆ ಉಜ್ಜಿದ ಗೆರೆ ವಾಪಸ್ ಬರಲ್ಲ. ಕೊಬ್ಬರಿ ಎಣ್ಣೆ ಹಚ್ಚಬೇಡಿ, ಚಳಿಗೆ ಗಟ್ಟಿಯಾಗುತ್ತೆ. ಕೊನೆಗೆ ಮ್ಯೂಸಿಯಂನವರು ಬಳಸೋ ಮೈಕ್ರೋಕ್ರಿಸ್ಟಲಿನ್ ವ್ಯಾಕ್ಸ್ ತೆಳ್ಳಗೆ. ಒರೆಯನ್ನೂ ಕತ್ತಿಯನ್ನೂ ಬೇರೆ ಬೇರೆ ಇಡಿ. ಮರದ ತುಂಡು ಬಿಸಾಡಬೇಡಿ, ಕವರಲ್ಲಿ ಹಾಕಿಡಿ.

ಲೀಡ್ಸ್_ಮಂಜ:
ಇಟ್ಟಿದೀನಿ. ನೆಲಮಾಳಿಗೆಯಿಂದ ಮೇಲಿನ ರೂಮಿಗೆ ಬಡ್ತಿಯೂ ಆಯ್ತು. ಫಿರಂಗಿ ಪಡೆಯವರದು ಅಂತ ಅಮ್ಮನಿಗೆ ಹೇಳಿದೆ. ‘ಹುಣಸೆ ಹಾಕಿದೆಯಾ ಇಲ್ವಾ’ ಅಂದರು.